ಒಂಟಿಯಾಗಿರುವ ತಾಯಿಗೆ ಮೊದಲು ಯಾವ ಸಾಧನ? ಕ್ಯಾಮೆರಾ ಅವರಿಗೆ ಬೇಡ

ದೂರದೂರಿನ ಮಗಳು:

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 79 ವರ್ಷ. ತಂದೆಯವರು ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ನಾನಿರುವಲ್ಲಿಂದ ಅವರ ಮನೆಗೆ ಮೂರು ಗಂಟೆಯ ದಾರಿ. ಕಳೆದ ತಿಂಗಳು ಬೆಳಿಗ್ಗೆ ಹತ್ತರ ಸುಮಾರಿಗೆ ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದು, ಪಕ್ಕದ ಮನೆಯವರು ಬಂದು ನೋಡುವವರೆಗೆ ಮುಕ್ಕಾಲು ಗಂಟೆ ನೆಲದ ಮೇಲೆಯೇ ಇದ್ದರು. ಕೊರಳಿಗೆ ಹಾಕಿಕೊಳ್ಳಲೆಂದು ನಾನು ಕೊಡಿಸಿದ್ದ ತುರ್ತು ಕರೆಯ ಗುಂಡಿ ಆ ಹೊತ್ತಿನಲ್ಲಿ ಬಾಗಿಲ ಹಿಂದಿನ ಮೊಳೆಯಲ್ಲಿ, ಟವೆಲಿನ ಪಕ್ಕ ನೇತಾಡುತ್ತಿತ್ತು. ಮೂಳೆ ಮುರಿಯಲಿಲ್ಲ ಎಂಬುದಷ್ಟೇ ಸಮಾಧಾನ. ಇದರ ಜೊತೆಗೆ ಮರೆವು ಸಣ್ಣಗೆ ಶುರುವಾಗಿದೆ. ಬೆಳಗಿನ ರಕ್ತದೊತ್ತಡದ ಮಾತ್ರೆ ತೆಗೆದುಕೊಂಡದ್ದನ್ನು ಮರೆತು ಮತ್ತೊಮ್ಮೆ ತೆಗೆದುಕೊಂಡದ್ದು ನನಗೆ ಗೊತ್ತಿರುವಂತೆ ಎರಡು ಸಲ ಆಗಿದೆ.

ಕೋಣೆಗೊಂದು ಕ್ಯಾಮೆರಾ ಹಾಕಿಸಿಬಿಡೋಣ ಎಂಬುದು ಅಣ್ಣನ ವಾದ. "ನಾನು ಬಟ್ಟೆ ಬದಲಿಸುವುದನ್ನೂ ನೀವು ಕೂತು ನೋಡಬೇಕೇನು?" ಎಂದು ಅಮ್ಮ ಕೇಳಿದ ಮೇಲೆ ಆ ಮಾತನ್ನು ಮುಂದುವರಿಸಲು ನನಗೆ ಬಾಯಿ ಬರಲಿಲ್ಲ. ಆದರೆ ರಾತ್ರಿ ಅವರು ಫೋನ್ ಎತ್ತದಿದ್ದಾಗ ನನ್ನ ಎದೆ ಹೊಡೆದುಕೊಳ್ಳುವುದೂ ನಿಜವೇ. ಗಡಿಯಾರ, ಸಂವೇದಕ (ಸೆನ್ಸರ್), ಮಾತ್ರೆಯ ಪೆಟ್ಟಿಗೆ ಎಂದು ನೂರೆಂಟು ಸಾಧನಗಳ ಜಾಹೀರಾತು ಕಣ್ಣಿಗೆ ಬೀಳುತ್ತಿವೆ. ಇವುಗಳಲ್ಲಿ ಯಾವುದನ್ನು ಮೊದಲು ಕೊಳ್ಳಬೇಕು, ಯಾವುದು ನಾಲ್ಕು ದಿನಕ್ಕೇ ಮೂಲೆ ಸೇರುತ್ತದೆ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ನಿವೃತ್ತ ನರ್ಸ್:

ಉತ್ತರಕ್ಕೆ ಮೊದಲು ನನ್ನದೇ ಒಂದು ಪ್ರಶ್ನೆ. ಅವರು ಬಿದ್ದ ದಿನವೂ ಮಾತ್ರೆ ಎರಡಾಗಿತ್ತೇ ಎಂದು ನೋಡಿದ್ದೀರಾ? ರಕ್ತದೊತ್ತಡದ ಮಾತ್ರೆ ಹೆಚ್ಚಾದರೆ ಕುಳಿತಲ್ಲಿಂದ ಎದ್ದೊಡನೆ ಒತ್ತಡ ಕುಸಿದು ಕಣ್ಣು ಕತ್ತಲಿಡಬಹುದು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ಅಳೆದಾಗ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದಿದ್ದರೆ ವೈದ್ಯರಿಗೆ ತಿಳಿಸಲೇಬೇಕು. ಅಳತೆಗಳನ್ನು ದಿನಾಂಕದ ಸಮೇತ ಉಳಿಸಿಕೊಳ್ಳುವ ಸಾಧಾರಣ ಯಂತ್ರ ಇದಕ್ಕೆ ಸಾಕು. ತೋಳಿಗೆ ಪಟ್ಟಿ ಸುತ್ತುವಂಥದ್ದಿರಲಿ; ಮಣಿಕಟ್ಟಿಗೆ ಕಟ್ಟುವ ಯಂತ್ರ, ಕೈ ಎದೆಯ ಮಟ್ಟದಲ್ಲಿ ಇಲ್ಲದಿದ್ದರೆ ತಪ್ಪು ತೋರಿಸುತ್ತದೆ. ನಿಲ್ಲಿಸಿ ಅಳೆಯುವಾಗ ಪಕ್ಕದಲ್ಲಿ ಒಬ್ಬರು ಇರಬೇಕು.

ಗುಂಡಿ ಮೊಳೆಯಲ್ಲಿ ನೇತಾಡುತ್ತಿದ್ದುದಕ್ಕೆ ತಾಯಿಯವರನ್ನು ದೂರಬೇಡಿ. ಕೇಂಬ್ರಿಜ್‌ನಲ್ಲಿ 90 ವರ್ಷ ದಾಟಿದವರನ್ನು ಒಂದು ವರ್ಷ ಗಮನಿಸಿ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಕರೆಗುಂಡಿ ಇದ್ದು ಒಂಟಿಯಾಗಿದ್ದಾಗ ಬಿದ್ದವರ ಪೈಕಿ ಶೇಕಡಾ 80ರಷ್ಟು ಜನ ಅದನ್ನು ಒತ್ತಿರಲಿಲ್ಲ. ಕೆಲವರು ಅದನ್ನು ಧರಿಸಿರಲಿಲ್ಲ. ಇನ್ನು ಕೆಲವರು ತಾವೇ ಏಳಬಹುದೆಂದು ಕಾದರು. ಹೀಗೆ ಕಾಯುವುದೇ ಅಪಾಯ. ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಬಿದ್ದಿದ್ದರೆ ಅದುಮಿಕೊಂಡ ಸ್ನಾಯುಗಳು ಹಾಳಾಗಿ, ಅವುಗಳಿಂದ ರಕ್ತಕ್ಕೆ ಸೇರುವ ವಸ್ತುಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಬಿದ್ದುದನ್ನು ತಾನೇ ಗುರುತಿಸುವ ಕೈಗಡಿಯಾರ ಈ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. ಆಪಲ್ ವಾಚ್‌ಗೆ ಈ ಸೌಲಭ್ಯ 2018ರಲ್ಲಿ ಬಂತು: ಧರಿಸಿದವರು ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಅದು ತಾನಾಗಿಯೇ ತುರ್ತು ಸೇವೆಗೆ ಕರೆ ಮಾಡುತ್ತದೆ. ಆದರೆ ಮಂಚದಂಚಿನಿಂದ ಮೆಲ್ಲಗೆ ಜಾರಿ ಕುಸಿದವರನ್ನು ಇಂಥ ಗಡಿಯಾರಗಳು ಗುರುತಿಸದೆ ಹೋಗಬಹುದು. ಜೊತೆಗೆ ಚಾರ್ಜಿನ ತಾಪತ್ರಯವಿದೆ. ನಾನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಪ್ರತಿ ರಾತ್ರಿ ಅದನ್ನು ಬಿಚ್ಚಿ ಚಾರ್ಜಿಗಿಟ್ಟು ಮಲಗುತ್ತಿದ್ದರು. ನಡುರಾತ್ರಿ ಶೌಚಕ್ಕೆ ಎದ್ದು ಬಿದ್ದಾಗ ಗಡಿಯಾರ ಮೇಜಿನ ಮೇಲಿತ್ತು. ಹಗಲು ಟಿವಿಯ ಮುಂದೆ ಕುಳಿತ ಹೊತ್ತಿನಲ್ಲಿ ಚಾರ್ಜು ಮಾಡುವ ಅಭ್ಯಾಸವಾಗಲಿ, ಸ್ನಾನಕ್ಕೂ ರಾತ್ರಿಗೂ ಅದು ಕೈಯಲ್ಲೇ ಇರಲಿ.

ಮಾತ್ರೆಗೆ ಬೀಗವಿರುವ, ನಿಗದಿತ ಹೊತ್ತಿಗೆ ಆ ಹೊತ್ತಿನದನ್ನು ಮಾತ್ರ ಹೊರಹಾಕುವ ಪೆಟ್ಟಿಗೆಗಳಿವೆ. ಎರಡನೆಯ ಸಲ ತೆಗೆದುಕೊಳ್ಳುವುದನ್ನು ತಡೆಯುವುದು ಬೀಗವೇ ಹೊರತು ನೆನಪಿಸುವ ಸದ್ದಲ್ಲ. ಅಂದಹಾಗೆ, ಮಾತ್ರೆ ತಟ್ಟೆಯಿಂದ ಹೊರಬಂತೆಂದು ಪೆಟ್ಟಿಗೆಗೆ ಗೊತ್ತಾಗುತ್ತದೆ, ಗಂಟಲಿನಿಂದ ಕೆಳಗಿಳಿಯಿತೇ ಎಂಬುದು ಅದಕ್ಕೆ ಗೊತ್ತಾಗದು. ಪೆಟ್ಟಿಗೆ ಕೊಳ್ಳುವ ಮುನ್ನ ಮಾತ್ರೆಗಳ ಪಟ್ಟಿಯನ್ನೇ ಚಿಕ್ಕದು ಮಾಡಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿ.

ಎಂಬತ್ತೊಂದರ ಕಿವುಡ:

ಇಲ್ಲಿ ಎಲ್ಲರೂ ಹಿರಿಯರ ಬಗ್ಗೆ ಬರೆಯುತ್ತಿರುವುದರಿಂದ, ಹಿರಿಯನೇ ಒಬ್ಬ ಬರೆದರೆ ತಪ್ಪಾಗಲಾರದು ಎಂದುಕೊಂಡಿದ್ದೇನೆ.

ಸಾಧನ ತಯಾರಿಸುವವರಿಗೆ ನಮ್ಮ ಕಿವಿ, ಬೆರಳುಗಳ ಪರಿಚಯ ಕಡಿಮೆ. ವಯಸ್ಸಾದಂತೆ ಮೊದಲು ಹೋಗುವುದು ಕೀರಲು ಸದ್ದು ಕೇಳುವ ಶಕ್ತಿ. ಎಚ್ಚರಿಕೆಯ ಗಂಟೆಗಳೋ ಬಹುಪಾಲು ಕೀರಲು ದನಿಯವೇ. ಹೊಗೆಯ ಎಚ್ಚರಿಕೆ ಸಾಮಾನ್ಯವಾಗಿ 3000 ಹರ್ಟ್ಸ್ ಆಸುಪಾಸಿನಲ್ಲಿ ಕೂಗುತ್ತದೆ. ನಮ್ಮ ಮನೆಯಲ್ಲಿ ಅದು ಕೂಗಿದಾಗ ಮೊಮ್ಮಗಳು ಮಹಡಿಯಿಂದ ಓಡಿ ಬಂದಳು. ಅದರ ಕೆಳಗೇ ಕುಳಿತಿದ್ದ ನಾನು ಪತ್ರಿಕೆ ಓದುತ್ತಿದ್ದೆ. ನನ್ನಂಥವರನ್ನು ಎಬ್ಬಿಸಲು 520 ಹರ್ಟ್ಸ್‌ನ ದಪ್ಪ ದನಿ ಹೆಚ್ಚು ಸಮರ್ಥವೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ, ಅಂಥ ಸಾಧನಗಳೂ ಸಿಗುತ್ತವೆ. ಏನನ್ನೇ ಕೊಂಡರೂ ಅದರ ಸದ್ದನ್ನು ತಾಯಿಯವರ ಕಿವಿಗೆ, ಅವರ ಮಲಗುವ ಕೋಣೆಯಿಂದಲೇ ಒಮ್ಮೆ ಕೇಳಿಸಿ ನೋಡಿ.

ಬೆರಳಿನ ಕಥೆಯೂ ಇಂಥದ್ದೇ. ಒಣಗಿದ ಚರ್ಮವನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲ, ಸವೆದ ಬೆರಳಚ್ಚನ್ನು ಬೀಗ ಒಪ್ಪುವುದಿಲ್ಲ, ಕೈ ನಡುಗಿದರೆ ಒಂದು ಸಲ ಮುಟ್ಟಿದ್ದು ಮೂರು ಸಲ ಎಂದಾಗುತ್ತದೆ. ಎಷ್ಟು ಹೊತ್ತು ಮುಟ್ಟಿದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಿರ್ಧರಿಸುವ ಸೌಲಭ್ಯ ಈಗಿನ ಫೋನುಗಳ ಸೆಟ್ಟಿಂಗ್ಸ್ ಒಳಗೆ ಅಡಗಿ ಕುಳಿತಿದೆ. ಅದನ್ನು ಹೊಂದಿಸಿಕೊಟ್ಟ ದಿನದಿಂದ ನಾನು ಯಾರ ಸಹಾಯವಿಲ್ಲದೆ ಕರೆ ಮಾಡುತ್ತಿದ್ದೇನೆ.

ಕ್ಯಾಮೆರಾದ ವಿಷಯಕ್ಕೆ ಬರುತ್ತೇನೆ. ನನ್ನ ಮಗ ಕೇಳದೆ ಹಾಕಿಸಿದ, ನಾನು ಅದರ ಮೇಲೆ ಟೋಪಿ ನೇತುಹಾಕಿದೆ. ಎರಡು ವಾರ ಮಾತು ಬಿಟ್ಟಿದ್ದೆವು. ಕೊನೆಗೆ ಬಂದ ಒಪ್ಪಂದವಿಷ್ಟು: ಮಲಗುವ ಕೋಣೆಯ ಬಾಗಿಲು ಬೆಳಿಗ್ಗೆ ಎಂಟರೊಳಗೆ ತೆರೆಯದಿದ್ದರೆ ಮಾತ್ರ ಅವನಿಗೆ ಸಂದೇಶ ಹೋಗಬೇಕು, ಅದಕ್ಕೆ ಬದಲಾಗಿ ಅವನು ರಾತ್ರಿ ಮನೆ ಸೇರಿದಾಗ ನನ್ನ ಫೋನಿಗೂ ಒಂದು ಸಂದೇಶ ಬರಬೇಕು. ಎರಡನೆಯ ಷರತ್ತು ಕೇಳಿ ಅವನಿಗೆ ಕಸಿವಿಸಿಯಾಯಿತು. ಕಾವಲಿನಲ್ಲಿರುವುದೆಂದರೆ ಹೇಗಿರುತ್ತದೆಂದು ಆಗ ಅವನಿಗೆ ತಿಳಿಯಿತು.

ಸಂವೇದಕದ ಕೆಲಸದವನು:

ಹಿರಿಯರು ಹೇಳಿದ ಬಾಗಿಲಿನ ಸಂವೇದಕ ಆಯಸ್ಕಾಂತದ ಒಂದು ಚಿಕ್ಕ ತುಂಡು, ಅದರೆದುರಿಗೆ ಒಂದು ಸ್ವಿಚ್ಚು, ಅಷ್ಟೇ. ಅದರ ಗುಣವಿರುವುದು ಅದಕ್ಕೆ ಕಾಣದಿರುವುದರಲ್ಲಿ. ದೇಹದ ಶಾಖದ ಚಲನೆಯನ್ನು ಗ್ರಹಿಸುವ ಅವಕೆಂಪು ಸಂವೇದಕಕ್ಕೂ ಯಾರೋ ಓಡಾಡಿದರೆಂಬುದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. ರಾತ್ರಿ ಮಂಚದಿಂದ ಕಾಲು ಕೆಳಗಿಟ್ಟೊಡನೆ ಬಚ್ಚಲಿನವರೆಗೆ ಮಂದ ದೀಪ ಹತ್ತುವಂತೆ ಮಾಡಲು ಅದೊಂದೇ ಸಾಕು, ಇಂಟರ್ನೆಟ್ಟೂ ಬೇಡ. ಬಚ್ಚಲುಮನೆಗೆ ಗೋಡೆಗೆ ಹಾಕುವ ರೇಡಾರ್ ಸಂವೇದಕಗಳೂ ಇವೆ. ರೇಡಿಯೋ ಅಲೆಗಳ ಪ್ರತಿಫಲನದಿಂದ ದೇಹ ನಿಂತಿದೆಯೋ ನೆಲಕ್ಕೆ ಒರಗಿದೆಯೋ ಎಂದು ಅಂದಾಜಿಸುತ್ತವೆ, ಚಿತ್ರ ತೆಗೆಯುವುದಿಲ್ಲ. ಮೈಮೇಲೆ ಏನನ್ನೂ ಧರಿಸಲು ಒಪ್ಪದವರಿಗೆ ಇದನ್ನು ಪರಿಗಣಿಸಬಹುದು.

ನೀವು ಮೊದಲು ಬರೆಯಬೇಕಾದದ್ದು ಖರೀದಿಯ ಪಟ್ಟಿಯಲ್ಲ, ಎಚ್ಚರಿಕೆ ಬಂದಾಗ ಫೋನ್ ಎತ್ತುವವರ ಪಟ್ಟಿ. ಮೂರು ಗಂಟೆ ದೂರದಲ್ಲಿರುವ ನಿಮಗೆ ಮೊದಲ ಕರೆ ಬಂದು ಪ್ರಯೋಜನವೇನು? ಹತ್ತು ನಿಮಿಷದಲ್ಲಿ ಬಾಗಿಲು ತಲುಪಬಲ್ಲವರು, ಬೀಗದ ಕೈ ಇರುವವರು ಆ ಪಟ್ಟಿಯಲ್ಲಿ ಇರಬೇಕು. ವಿದ್ಯುತ್ ಹೋದಾಗ ಸಾಧನ ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ಪ್ಲಗ್ ಕಿತ್ತು ನೋಡಿಯೇ ತಿಳಿಯಿರಿ. ತಿಂಗಳಿಗೊಮ್ಮೆ, ಯಾರಿಗೂ ಮುನ್ಸೂಚನೆ ಕೊಡದೆ, ಗುಂಡಿ ಒತ್ತಿಸಿ ಪರೀಕ್ಷಿಸಿ. ದಾಖಲೆಯಾದ ಮಾಹಿತಿ ಯಾರ ಬಳಿ ಉಳಿಯುತ್ತದೆ, ಬೇಡವೆಂದಾಗ ಅಳಿಸಬಹುದೇ ಎಂಬುದನ್ನೂ ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಹೆಂಡತಿಯನ್ನು ನೋಡಿಕೊಳ್ಳುತ್ತಿರುವವನು:

ನನ್ನ ಹೆಂಡತಿಗೆ ಮರೆಗುಳಿತನ ಬಂದು ಐದು ವರ್ಷ. ಸಂವೇದಕಗಳನ್ನು ಮಿತಿಮೀರಿ ಹಾಕಿಸಿದ ತಪ್ಪು ನನ್ನದು. ಅವಳು ಮಗ್ಗುಲು ಬದಲಿಸಿದರೂ ನನ್ನ ಫೋನ್ ಗುಂಯ್‌ಗುಟ್ಟುತ್ತಿತ್ತು. ಮೂರನೆಯ ತಿಂಗಳಿಗೆ ನಿದ್ದೆಯಲ್ಲೇ ಅದನ್ನು ಆರಿಸುವುದು ಕೈಗೆ ರೂಢಿಯಾಗಿತ್ತು, ಅವಳು ಹೊರಬಾಗಿಲು ತೆರೆದು ಹೋದ ರಾತ್ರಿಯೂ ಹಾಗೆಯೇ ಆರಿಸಿದ್ದೆ. ಈಗ ಉಳಿಸಿಕೊಂಡಿರುವುದು ಹೊರಬಾಗಿಲಿನ ಎಚ್ಚರಿಕೆ ಒಂದನ್ನೇ. ಆರೈಕೆ ಮಾಡುವವರಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿರುವ ಐಸಪೋರ್ಟ್ ಎಂಬ ತರಬೇತಿ ಇದೆ. ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳಿದಾಗ ಏನು ಮಾಡಬೇಕೆಂಬಂಥ ವಿಷಯಗಳಲ್ಲಿ ನನಗೆ ಯಾವ ಯಂತ್ರಕ್ಕಿಂತಲೂ ಅದೇ ಹೆಚ್ಚು ಉಪಯೋಗಕ್ಕೆ ಬಂತು.

ದೂರದೂರಿನ ಮಗಳು:

ಎಲ್ಲರಿಗೂ ಕೃತಜ್ಞತೆಗಳು. ನರ್ಸ್ ಅವರು ಕೇಳಿದ ಪ್ರಶ್ನೆಗೆ ಉತ್ತರ ಮಾತ್ರೆಯ ಹಾಳೆಯಲ್ಲೇ ಸಿಕ್ಕಿತು. ಅಮ್ಮ ಬಿದ್ದ ಸಂಜೆ ಅಣ್ಣ ಅವರ ಮಾತ್ರೆಗಳನ್ನೆಲ್ಲ ಆಸ್ಪತ್ರೆಗೆ ಒಯ್ದವನು, ವೈದ್ಯರಿಗೆ ತೋರಿಸಲೆಂದು ಅವುಗಳ ಫೋಟೋ ತೆಗೆದಿದ್ದ. ಹೊಸ ಹಾಳೆ ಶುರುಮಾಡಿದ ದಿನದಿಂದ ಎಣಿಸಿದರೆ ಅದರಲ್ಲಿ ಒಂದು ಮಾತ್ರೆ ಕಡಿಮೆಯಿದೆ. ಮೊನ್ನೆ ಮಲಗಿಸಿ, ನಿಲ್ಲಿಸಿ ಅಳೆದಾಗ ಮೇಲಿನ ಅಂಕಿ 24 ಇಳಿಯಿತು. ವೈದ್ಯರು ಮಾತ್ರೆಯ ಪ್ರಮಾಣ ತಗ್ಗಿಸಿ, ಹದಿನೈದು ದಿನದ ಅಳತೆಗಳನ್ನು ತರಲು ಹೇಳಿದ್ದಾರೆ.

ಬೀಗದ ಪೆಟ್ಟಿಗೆ ಬಂದಿದೆ. ರಾತ್ರಿಯ ದೀಪವನ್ನು ಅಮ್ಮ ತಾವೇ ಎಲ್ಲಿ ಹಾಕಬೇಕೆಂದು ತೋರಿಸಿದರು. ಗಡಿಯಾರವನ್ನು, ಸಮಯ ದೊಡ್ಡ ಅಕ್ಷರದಲ್ಲಿ ಕಾಣುವುದಾದರೆ ಕಟ್ಟಿಕೊಳ್ಳುತ್ತೇನೆ ಎಂದಿದ್ದಾರೆ. ಕ್ಯಾಮೆರಾದ ಮಾತನ್ನು ಅಣ್ಣನೂ ಕೈಬಿಟ್ಟಿದ್ದಾನೆ. ನಿನ್ನೆ ಮಧ್ಯಾಹ್ನ ಯಾರಿಗೂ ಹೇಳದೆ ಗುಂಡಿ ಒತ್ತಲು ಅಮ್ಮನಿಗೇ ತಿಳಿಸಿದ್ದೆ. ಪಕ್ಕದ ಮನೆಯವರು ನಾಲ್ಕು ನಿಮಿಷದಲ್ಲಿ ಬಾಗಿಲಲ್ಲಿದ್ದರು, ನಾನು ಎರಡನೆಯ ರಿಂಗಿಗೆ ಎತ್ತಿದೆ, ಅಣ್ಣ ಎತ್ತಲೇ ಇಲ್ಲ. ಪಟ್ಟಿಯಲ್ಲಿ ಅವನ ಹೆಸರನ್ನು ಕೊನೆಗೆ ಹಾಕಿಸಿದವರು ಅಮ್ಮನೇ.