ಸೀತನಿ ಕೂಟ: 80 ಮಂದಿಗೆ ತೆನಿ ಎಷ್ಟು, ಯಾವಾಗ ಇಟ್ಟರ ಚೊಲೊ?

ಬಡಾವಣೆ ಕೈತೋಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದ ತಾರಸಿ ತೋಟದವರು ಕೂಡಿ ಅಣ್ಣಿಗೇರಿ ಕಡೆ ಒಂದು ಹೊಲದಾಗ ಸೀತನಿ ಕೂಟ, ಅಂದ್ರ ಎಳಿ ಜೋಳದ ತೆನಿ ಸುಟ್ಟು ಕೂಡಿ ತಿನ್ನೋದು, ಇಡಬೇಕಂತ ಮಾಡೇವಿ. 80 ಮಂದಿ, ಅದರಾಗ 20 ಮಕ್ಕಳು. ಎರಿ (ಕರಿ ಮಣ್ಣಿನ) ಹೊಲ, ಜೋಳ ಎಂ 35-1 (ಮಾಲದಂಡಿ), ಬಿತ್ತಿದ್ದು ಅಕ್ಟೋಬರ್ 3ಕ್ಕ. ಎಳ್ಳ ಅಮಾವಾಸಿ ಈ ಸಲ ಡಿಸೆಂಬರ್ ಮೂರನೇ ವಾರ ಬಂದದ. ಅದರ ಮರು ಭಾನುವಾರ, ಅಂದ್ರ 21ಕ್ಕ ಇಟ್ಟರ ಚರಗದ (ಅಮಾವಾಸಿಗೆ ಹೊಲಕ್ಕ ಎಡಿ ಚೆಲ್ಲೋ ಹಬ್ಬದ) ಕಳೆನೂ ಇರ್ತದ ಅಂತ ವಿಚಾರ. ಮುಂಜಾನೆ ಸೀತನಿ, ಮಧ್ಯಾಹ್ನ ರೊಟ್ಟಿ ಊಟ, ಆಮೇಲೆ ಮನಿಯಿಂದ ತಂದ ಕಾಯಿಪಲ್ಯ ಬೀಜದ ವಿನಿಮಯ.

ಕೇಳೋದು ನಾಕು: ತೆನಿ ಎಷ್ಟು ಬೇಕು? ಹೊಲದವರಿಗೆ ರೊಕ್ಕ ಯಾವ ಲೆಕ್ಕಕ್ಕ ಕೊಡಬೇಕು? ಸುಡಲಿಕ್ಕೆ ಗ್ಯಾಸ್ ಬರ್ನರ್ ನಡೀತದೇನು, ಕುಳ್ಳೇ (ಬೆರಣಿ) ಬೇಕೇನು? ಬೀಜದ ಟೇಬಲ್ ಹ್ಯಾಂಗ ನಡಸೋದು?

ಎರಿಹೊಲ

ಮೊದಲ ತಾರೀಖು ಬದಲಿ ಮಾಡ್ರಿ, ಉಳದಿದ್ದು ಆಮೇಲೆ. ಅಕ್ಟೋಬರ್ 3ರ ಮಾಲದಂಡಿ ಡಿಸೆಂಬರ್ 21ಕ್ಕ 79 ದಿನದ್ದು. ಹೂ ಬಿಟ್ಟು ಒಂದು ವಾರ ಆಗಿರ್ತದ ಅಷ್ಟ. ಕಾಳು ಹಿಚುಕಿದ್ರ ನೀರು ಬರ್ತದ, ಸುಟ್ಟರ ಸಿಪ್ಪಿ ಅಷ್ಟ ಉಳೀತದ. ಸೀತನಿಗೆ ಬೇಕಾದ್ದು ಹಾಲು ಗಟ್ಟಿಯಾಗಿ ಮೊಸರಿನ ಹದಕ್ಕ ಬಂದ ಕಾಳು. ಅದು ಹೂ ಬಿಟ್ಟ 20-25 ದಿನಕ್ಕ, ಬಿತ್ತಿದ ಲೆಕ್ಕದಾಗ 92ರಿಂದ 100 ದಿನದೊಳಗ. ನಿಮ್ಮ ಹೊಲಕ್ಕ ಜನವರಿ 3ರಿಂದ 11ರ ಸುಮಾರು. ಥಂಡಿ ಜೋರು ಬಿದ್ರ ಎರಡ್ಮೂರು ದಿನ ಹಿಂದ ಬೀಳ್ತದ. ಅಮಾವಾಸಿ ಒಂದು ವರ್ಷ ಡಿಸೆಂಬರ್ ನಡುವ, ಒಂದು ವರ್ಷ ಜನವರಿ ನಡುವ ಬರ್ತದ. ಬೆಳಿ ಪಂಚಾಂಗ ನೋಡಂಗಿಲ್ಲ.

ಹದ ನೋಡೋದು ಹಿಂಗ. ತೆನಿಯ ನಡುಭಾಗದಿಂದ ಒಂದು ಕಾಳು ಬಿಡಿಸಿ ಹೆಬ್ಬೆಟ್ಟಿನ ಉಗುರಿನಿಂದ ಒತ್ತರಿ. ತೆಳು ಹಾಲು ಸಿಡಿದ್ರ ಇನ್ನೂ ನಾಕೈದು ದಿನ ತಡೀರಿ. ಗಟ್ಟಿ ಮೊಸರಿನಂಗ ಬಂದು ಉಗುರಿಗೆ ಅಂಟಿದ್ರ ಅದ ಹದ. ಉಗುರು ಇಳೀದ ಕಾಳು ಒಡದು ಹಿಟ್ಟು ಕಂಡ್ರ ವ್ಯಾಳ್ಯಾ ಮೀರೇದ. ತುದಿ ಕಾಳು ನೋಡಿ ಮೋಸ ಹೋಗಬ್ಯಾಡ್ರಿ. ಜೋಳದ ತೆನಿ ತುದಿಯಿಂದ ಕೆಳಗ ಹೂ ಬಿಡ್ತದ, ಬುಡಕ್ಕ ಬರಲಿಕ್ಕೆ ಐದಾರು ದಿನ ಹಿಡೀತದ. ಅದಕ್ಕ ಒಂದ ತೆನಿಯೊಳಗ ತುದಿ ಬಲಿತಿರ್ತದ, ಬುಡ ಹಾಲಾಗಿರ್ತದ. ನಡುವಿನ ಕಾಳಿನ ಮಾತ ನಂಬರಿ.

ಲೆಕ್ಕ: ಚೊಲೊ ತೆನಿಯಿಂದ 50-70 ಗ್ರಾಂ ಹಸಿ ಕಾಳು ಇಳೀತದ. ಬೆಲ್ಲ, ಹಿಂಡಿ (ಚಟ್ನಿಪುಡಿ), ಮೊಸರು ಕೂಡ ತಿನ್ನೋ ದೊಡ್ಡವರಿಗೆ ಮೂರು ತೆನಿ, ಮಕ್ಕಳಿಗೆ ಒಂದೂವರಿ. 60 ಮಂದಿಗೆ 180, 20 ಮಕ್ಕಳಿಗೆ 30. ಸುಟ್ಟು ಕರಕಾಗೋದು, ಕಾಡಿಗಿ ಹತ್ತಿದ್ದು, ಗುಬ್ಬಿ ತಿಂದಿದ್ದು ಹಿಡಿದು ಐದಕ್ಕೊಂದು ಹೆಚ್ಚು, ಅಂದ್ರ 250 ತೆನಿ ಹಿಡೀರಿ. ಕಾಡಿಗಿ ತೆನಿ ಅಂದ್ರ ಕಾಳಿನ ಜಾಗಾದಾಗ ಕರಿ ಪುಡಿ ತುಂಬಿದ್ದು. ಅದನ್ನ ಕೊಯ್ಯೂವಾಗ ಬಾಜೂಕ ಇಡರಿ, ಬೆಂಕಿ ತನಕ ತರಬ್ಯಾಡ್ರಿ.

ಸಾಲು ಒಂದೂವರಿ ಫೂಟು, ಗಿಡ ಅರ್ಧ ಫೂಟು ಇದ್ರ ಗುಂಟೆಗೆ 1,300-1,400 ಗಿಡ ನಿಲ್ತಾವ. ಅದರಾಗ ಸಮ ಹದದ 250 ಆರಿಸಲಿಕ್ಕೆ ಒಂದು ಗುಂಟೆ ಗುರುತು ಮಾಡಿಸಿಕೊಂಡ್ರ ಸಾಕು. ಒಣ ಕಾಳಿನ ಲೆಕ್ಕದಾಗ ಅವು 10-12 ಕಿಲೋ ಆಗ್ತಿದ್ದವು. ರೊಕ್ಕ ಕೊಡೂವಾಗ ಆ ಕಾಳಿನ ಪ್ಯಾಟಿ ದರದ ಮೂರು ಪಟ್ಟು ಹಿಡಿದು, 80 ಮಂದಿ ಓಡಾಡಿ ಮುರಿಯೋ ಗಿಡಕ್ಕ ಬ್ಯಾರೆ ಕೊಡರಿ. ಬರೇ ಕಾಳಿನ ದರ ಕೊಟ್ಟು ಬರೋದು ಹೊಲದವರಿಗೆ ಅನ್ಯಾಯ. ಕಣಿಕಿ (ಜೋಳದ ದಂಟು) ಅವರಿಗೇ ಬಿಡರಿ. ಕೊಯ್ದ ಬುಡದಿಂದ ಮತ್ತ ಚಿಗುರಿದ ಎಳಿ ಕುಳೆ ದನಕ್ಕ ವಿಷ, ಅದು ಅವರಿಗೆ ಗೊತ್ತಿರ್ತದ. ನಿಮ್ಮ ಮಂದಿ ಮಾತ್ರ ಕಿತ್ತು ಎತ್ತಿನ ಮುಂದ ಹಾಕಲಾರದಂಗ ನೋಡ್ಕೋರಿ.

ಬೂದಿಕೆಂಡ

ಗ್ಯಾಸ್ ಬರ್ನರ್ ಬೇಡ. ಉರಿ ನೇರ ಬಡಿದರೆ ಹೊಟ್ಟು ಸುಟ್ಟು ಕಪ್ಪಾಗುತ್ತದೆ, ಒಳಗಿನ ಕಾಳು ಹಸಿಯೇ ಇರುತ್ತದೆ. ಸೀತನಿ ಬೇಯುವುದು ಕೆಂಡ ಮತ್ತು ಬಿಸಿ ಬೂದಿಯಲ್ಲಿ, ಉರಿಯಲ್ಲಲ್ಲ.

ಎರಡು ಕುಣಿ ತೋಡಿ: ಒಂದು ಅಡಿ ಆಳ, ಒಂದೂವರೆ ಅಡಿ ಅಗಲ, ಮೂರು ಅಡಿ ಉದ್ದ. ಉದ್ದ ಗಾಳಿಗೆ ಅಡ್ಡವಾಗಿರಲಿ. ಜನವರಿಯಲ್ಲಿ ಆ ಕಡೆ ಬೆಳಿಗ್ಗೆ ಮೂಡಗಾಳಿ, ಹಾಗಾಗಿ ಕುಣಿ ತೆಂಕಣದಿಂದ ಬಡಗಣಕ್ಕೆ. ಜನ ಪೂರ್ವದ ಬದಿಗೆ ಕೂತರೆ ಹೊಗೆ ಮುಖಕ್ಕೆ ಬರುವುದಿಲ್ಲ. ಸುತ್ತ ಹತ್ತು ಅಡಿ ಕಸ, ಕಣಿಕೆ, ಒಣಹುಲ್ಲು ಕೆತ್ತಿ ತೆಗೆಯಿರಿ. 200 ಲೀಟರ್ ನೀರಿನ ಡ್ರಮ್ ಮತ್ತು ಎರಡು ಬಕೆಟ್ ಪಕ್ಕದಲ್ಲೇ ಇರಲಿ. ಬಣಿವೆ ಇರುವ ಬದಿಗೆ ಕುಣಿ ತೋಡಲೇಬೇಡಿ. ಎರೆ ಹೊಲದ ಬಿರುಕು ನೋಡಿಕೊಂಡು ಜಾಗ ಆರಿಸಿ: ಕೆಂಡ ಬಿರುಕಿನೊಳಗೆ ಇಳಿದು ಹೋಗುತ್ತದೆ, ಕುಣಿಯ ಬಿಸಿಯೂ ನಿಲ್ಲುವುದಿಲ್ಲ.

ಕುಣಿಗೆ 25-30 ಒಣ ಕುಳ್ಳು ಒಟ್ಟಿ ಎಂಟು ಗಂಟೆಗೆ ಹೊತ್ತಿಸಿದರೆ ಒಂಬತ್ತಕ್ಕೆ ಹೊಗೆ ನಿಂತು ಬಿಳಿ ಬೂದಿಯ ಕೆಳಗೆ ಕೆಂಡ ಸಿಗುತ್ತದೆ. ಹೊಗೆ ಇರುವಾಗಲೇ ತೆನೆ ಇಟ್ಟರೆ ಕಾಳಿಗೆ ಕಹಿ ಹತ್ತುತ್ತದೆ. ಎಲ್ಲ ಕೂಟದಲ್ಲೂ ಆಗುವ ತಪ್ಪು ಇದೇ, ಮಕ್ಕಳ ಅವಸರಕ್ಕೆ. ಆಮೇಲೆ ಅರ್ಧ ತಾಸಿಗೊಮ್ಮೆ ಒಂದು ಬದಿಗೆ ಎಂಟು ಹತ್ತು ಕುಳ್ಳು ಹಾಕಿ, ಕೆಂಡವಾದ ಮೇಲೆ ನಡುವಿಗೆ ಎಳೆದುಕೊಳ್ಳಿ.

ತೆನೆಯನ್ನು ಒಂದಡಿ ದಂಟು ಬಿಟ್ಟು ಕೊಯ್ಯಿರಿ, ಅದೇ ಹಿಡಿಕೆ. ಇಬ್ಬನಿ ಆರಿದ ಮೇಲೆ, ಎಂಟೂವರೆಗೆ ಶುರು ಮಾಡಿ. ಒದ್ದೆ ತೆನೆ ಕೆಂಡದ ಮೇಲೆ ಸುಡುವುದಿಲ್ಲ, ಹಬೆಯಾಡುತ್ತದೆ, ಹೊಟ್ಟು ಬಿಡುವುದಿಲ್ಲ. ಹಿಂದಿನ ದಿನವೇ ಕೊಯ್ದು ಇಟ್ಟುಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕೊಯ್ದ ಮೇಲೆ ಕಾಳಿನ ಸಕ್ಕರೆ ಪಿಷ್ಟವಾಗುತ್ತ ಹೋಗುತ್ತದೆ, ಸಂಜೆಗೆ ಸಿಹಿಯೇ ಇರುವುದಿಲ್ಲ. 60 ತೆನೆಯಂತೆ ನಾಲ್ಕು ಸಲ ಕೊಯ್ದು ನೆರಳಲ್ಲಿಡಿ.

ಒಂದು ಕುಣಿಗೆ ಒಮ್ಮೆಗೆ 12 ತೆನೆ. ಕಾಳಿನ ಭಾಗ ಬೂದಿಯಲ್ಲಿ, ದಂಟು ಹೊರಗೆ. ತಿರುಗಿಸುತ್ತ ನಾಲ್ಕೈದು ನಿಮಿಷ. ಚಟಪಟ ಸದ್ದು ಶುರುವಾಗಿ ಹಸಿರು ಕಾಳು ಸ್ವಲ್ಪ ಉಬ್ಬಿ ಅಲ್ಲಲ್ಲಿ ಕಂದು ಚುಕ್ಕೆ ಬಿದ್ದಾಗ ತೆಗೆಯಿರಿ. ಸದ್ದು ನಿಲ್ಲುವವರೆಗೆ ಕಾದರೆ ಕಾಳು ರಬ್ಬರಿನ ಹಾಗೆ ಆಗುತ್ತದೆ. ಇಟ್ಟು, ಸುಟ್ಟು, ಬಡಿಯಲು ಹತ್ತು ಹನ್ನೆರಡು ನಿಮಿಷ. ಎರಡು ಕುಣಿಯಲ್ಲಿ ತಾಸಿಗೆ 120ರಷ್ಟು ತೆನೆ ಏಳುತ್ತದೆ. 250ಕ್ಕೆ ಎರಡು ತಾಸು ದಾಟುತ್ತದೆ.

ಬಡಿಯುವುದು ಬಿಸಿ ಇದ್ದಾಗಲೇ. ತೊಳೆದು ಒಣಗಿಸಿದ ನಾರಿನ ಚೀಲವನ್ನು ಮಡಿಸಿ, ನಡುವೆ ತೆನೆ ಇಟ್ಟು ಅಂಗೈಯಲ್ಲಿ ಒತ್ತಿ ತಿಕ್ಕಬೇಕು. ಆರಿದರೆ ಹೊಟ್ಟು ಕಾಳಿಗೆ ಕಚ್ಚಿಕೊಳ್ಳುತ್ತದೆ, ಆಗ ಕೋಲಿನಿಂದ ಬಡಿದರೆ ಕಾಳು ಜಜ್ಜಿ ಹೋಗುತ್ತದೆ. ಗೊಬ್ಬರದ ಪ್ಲಾಸ್ಟಿಕ್ ಚೀಲ ಬಳಸಬೇಡಿ, ಬಿಸಿಗೆ ಕರಗುತ್ತದೆ. ಮೊರದಲ್ಲಿ ಎರಡು ಸಲ ಕೇರಿದರೆ ಸಾಕು. ತಿಕ್ಕುವವರು ಪೂರ್ಣ ತೋಳಿನ ಅಂಗಿ ಹಾಕಲಿ, ಸುಂಕು ಮೈಗೆ ಬಿದ್ದರೆ ದಿನವಿಡೀ ಕಡಿತ. ಒಂದು ಕುಣಿಗೆ ಸುಡಲು ಒಬ್ಬರು, ತಿಕ್ಕಲು ಇಬ್ಬರು, ಕೇರಲು ಒಬ್ಬರು ಬೇಕು.

ರೊಟ್ಟಿ ಪುಟ್ಟಿ

ಸೀತನಿ ತಿಂದ ಮಂದಿ ಊಟಕ್ಕ ಹೆಚ್ಚು ತಿನ್ನಂಗಿಲ್ಲ. ಎರಡು ರೊಟ್ಟಿ ಲೆಕ್ಕ ಹಿಡೀರಿ, 160. ಕಿಲೋ ಹಿಟ್ಟಿಗೆ 12-13 ಮೆತ್ತಗಿನ ರೊಟ್ಟಿ ಆಗ್ತಾವ, ಅಂದ್ರ 13 ಕಿಲೋ ಹಿಟ್ಟು. ಹಿಂದಿನ ದಿನ ಬೀಸಿಸಿದ ಹಿಟ್ಟೇ ಇರಲಿ. ತಿಂಗಳ ಹಳೆ ಹಿಟ್ಟಿಗೆ ಜಿಗಿ ಇರಂಗಿಲ್ಲ, ಬಡಿಯೂವಾಗ ಅಂಚು ಸೀಳ್ತದ. ಆಮೇಲೆ ಎಷ್ಟು ಕುದಿ ನೀರು ಹಾಕಿದ್ರೂ ಕೂಡಂಗಿಲ್ಲ. ಹೊಲದಾಗ 160 ಬಡೀಲಿಕ್ಕೆ ಮೂರು ಒಲಿ, ಮೂರು ಮಂದಿ, ಎರಡು ತಾಸು. ಅಷ್ಟು ಕೈ ಇಲ್ಲಂದ್ರ ಖಡಕ್ ರೊಟ್ಟಿ ತರಸರಿ, ಅದರಾಗ ನಾಚಿಕಿ ಏನಿಲ್ಲ.

ಸೀತನಿ ಜೊತಿಗೆ: ಪುಡಿ ಬೆಲ್ಲ 2 ಕಿಲೋ, ಶೇಂಗಾ ಹಿಂಡಿ ಒಂದೂವರಿ ಕಿಲೋ, ಗುರೆಳ್ಳು ಹಿಂಡಿ ಅರ್ಧ ಕಿಲೋ, ಗಟ್ಟಿ ಮೊಸರು 6 ಲೀಟರ್. ಶೇಂಗಾ ಹಿಂಡಿಗೆ ಕಿಲೋ ಶೇಂಗಾಕ್ಕ ಬ್ಯಾಡಗಿ ಖಾರಪುಡಿ 70 ಗ್ರಾಂ, ಬಳ್ಳೊಳ್ಳಿ 100 ಗ್ರಾಂ, ಜೀರಗಿ 20, ಉಪ್ಪು 45. ಬ್ಯಾಡಗಿ ಬಣ್ಣಕ್ಕ, ಖಾರ ಕಡಿಮಿ, ಮಕ್ಕಳೂ ತಿಂತಾವ. ಶೇಂಗಾ ಪೂರ್ತಿ ಆರಿದ ಮ್ಯಾಲೆ ಕುಟ್ಟರಿ. ಬಿಸಿ ಇದ್ದಾಗ ಮಿಕ್ಸಿಗೆ ಹಾಕಿದ್ರ ಎಣ್ಣಿ ಬಿಟ್ಟು ಮುದ್ದಿ ಆಗ್ತದ. ಬಳ್ಳೊಳ್ಳಿ ಕಡೀಕ.

ಹಸಿ ಪಚಡಿಗೆ ಹಕ್ಕರಕಿ, ಮೆಂತೆ, ಉಳ್ಳಾಗಡ್ಡಿ ತಪ್ಪಲ ಆ ಕಾಲಕ್ಕ ಧಾರಾಳ ಸಿಗ್ತಾವ. ಎರಡು ನೀರಿನಾಗ ತೊಳೀರಿ. ಎಣ್ಣಿಗಾಯಿ ಮನ್ಯಾಗ ಮಾಡಿ ತರ್ರಿ, ಹೊಲದಾಗ ಮಾಡೋ ಹಟ ಬ್ಯಾಡ.

ಬಡಾವಣೆ ಕೈತೋಟ

ಎಲ್ಲರಿಗೂ ಶರಣು. ಗ್ಯಾಸ್ ಬಿಟ್ಟೆ, ತಾರೀಖೂ ಬಿಟ್ಟೆ. ಹೊಲದ ಯಜಮಾನರು ಹೇಳೋದು: ಡಿಸೆಂಬರ್ ಕೊನೀಗೆ ಹೇನಿಗೆ (ಎಲಿ ರಸ ಹೀರೋ ಹುಳಕ್ಕ) ಒಂದು ಸಲ ಔಷಧ ಹೊಡೀಬೇಕಾಗಬಹುದು, ಡಬ್ಬಿ ಮ್ಯಾಲೆ ಬರೆದಷ್ಟು ದಿನ ಬಿಟ್ಟೇ ಕೊಯ್ತೀವಿ ಅಂತ. ನಡೀತದೇನು?

ಎರಿಹೊಲ

ನಡಿಯಂಗಿಲ್ಲ. ಅವರು ಎಣಿಸೋದು ರಾಶಿ ಮಾಡೋ ದಿನಕ್ಕ, ಅದು ಫೆಬ್ರವರಿಗೆ ಬರ್ತದ. ನೀವು ತಿನ್ನೋದು ಅದಕ್ಕಿಂತ ಮೂರ್ನಾಕು ವಾರ ಮೊದಲ, ಅದೂ ಹಸಿ ಕಾಳು, ತೊಳೀಲಾರದ. ತೆನಿ ಹೊರಬಿದ್ದ ಮ್ಯಾಲೆ ಹೊಡೆದ ಔಷಧ ಹೊಟ್ಟಿನ ಸಂದಿಯೊಳಗ ಕೂಡ್ತದ. ಅದಕ್ಕ ನಿಮ್ಮ ಗುಂಟೆ ಈಗ ಗುರುತು ಮಾಡಿ, ಸುತ್ತ ನಾಕು ಸಾಲು ಹೆಚ್ಚು ಬಿಟ್ಟು, ಔಷಧ ಬ್ಯಾಡ ಅಂತ ಮೊದಲ ಮಾತಾಡ್ರಿ. ಆ ತುಕಡಿಯ ನುಕಸಾನಿ ನಿಮ್ಮ ಲೆಕ್ಕಕ್ಕ. ಗಾಳಿ ಬರೋ ಬದಿಗೆ, ಅಂದ್ರ ಮೂಡಣ ಅಂಚಿನಾಗ ಆರಿಸಿದ್ರ ಉಳಿದ ಹೊಲಕ್ಕ ಹೊಡೆದಿದ್ದು ಇತ್ತ ಹಾರಿ ಬರಂಗಿಲ್ಲ. ಬಾಜೂ ಹೊಲದವರನ್ನೂ ಕೇಳ್ರಿ. ಹೇನು ಬಂದ್ರ ಎಲಿ ಮ್ಯಾಲೆ ಬಂಕಿ ಅಂಟಂಟು ಆಗ್ತದ, ತೆನಿಗೆ ಹತ್ತದಿದ್ರ ಸೀತನಿಗೆ ಏನೂ ಅಡ್ಡಿ ಇಲ್ಲ.

ಬೀಜದ ಗಂಟು

ಬೀಜದ ಮೇಜು ಕೂಟದ ದಿನ ಹಾಳಾಗುವುದು ಎರಡು ಕಾರಣಕ್ಕೆ: ಚೀಟಿ ಇಲ್ಲದ ಪೊಟ್ಟಣ, ಹೈಬ್ರಿಡ್ ಕಾಯಿಯಿಂದ ತೆಗೆದ ಬೀಜ. ಅಂಗಡಿಯ ಹೈಬ್ರಿಡ್ ಟೊಮೆಟೊ, ಮೆಣಸಿನಕಾಯಿಯಿಂದ ತೆಗೆದದ್ದು ಮೊಳೆಯುತ್ತದೆ, ಆದರೆ ಮರುಪೀಳಿಗೆಯಲ್ಲಿ ಒಂದೊಂದು ಗಿಡ ಒಂದೊಂದು ತರಹ. ಅದನ್ನು ಬೇರೆ ಪುಟ್ಟಿಯಲ್ಲಿಡಿ, ಎಸೆಯಬೇಕಿಲ್ಲ.

ಅವರೆ, ಅಲಸಂದಿ, ಟೊಮೆಟೊ, ಮೆಂತೆ ತಮ್ಮಷ್ಟಕ್ಕೆ ಪರಾಗ ಕಟ್ಟಿಕೊಳ್ಳುತ್ತವೆ. ಹೆಚ್ಚುಕಡಿಮೆ ತಾಯಿ ಗಿಡದಂತೆಯೇ ಬರುತ್ತವೆ. ಹೊಸಬರಿಗೆ ಇವನ್ನೇ ಕೊಡಿ. ಸೌತೆ, ಕುಂಬಳ, ಹೀರೆಯಲ್ಲಿ ಜೇನ್ನೊಣ ಪಕ್ಕದ ಮನೆಯ ಬಳ್ಳಿಯ ಪರಾಗ ತರುತ್ತದೆ, ಕೈಯಿಂದ ಪರಾಗ ಮುಟ್ಟಿಸಿ ಹೂ ಕಟ್ಟಿದ್ದಾರೋ ಇಲ್ಲವೋ ಕೇಳಿ. ಹೀರೆ-ಹಾಗಲ ಒಂದಕ್ಕೊಂದು ಕೂಡುವುದಿಲ್ಲ, ಆ ಹೆದರಿಕೆ ಬೇಡ. ಮೆಣಸಿನಕಾಯಿ ಮಾತ್ರ ನಂಬುವಂತಿಲ್ಲ: ಬ್ಯಾಡಗಿ ಡಬ್ಬಿಯ ಪಕ್ಕ ಕುಂಡದಲ್ಲಿ ಗುಂಟೂರು ಇದ್ದರೆ ಬೀಜ ಬೆರಕೆ ಎಂದೇ ತಿಳಿಯಿರಿ.

ಕೂಟಕ್ಕೆ ಹದಿನೈದು ದಿನ ಮೊದಲು ಪ್ರತಿಯೊಬ್ಬರೂ 20 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಲಿ. ಅವರೆ, ಅಲಸಂದಿ ಐದು ದಿನಕ್ಕೆ, ಬದನೆ, ಮೆಣಸಿನಕಾಯಿ ಚಳಿಗೆ ಹತ್ತು-ಹನ್ನೆರಡು ದಿನಕ್ಕೆ. 14ಕ್ಕಿಂತ ಕಡಿಮೆ ಮೊಳೆತರೆ ತರುವುದು ಬೇಡ. ಕಾಗದದ ಪೊಟ್ಟಣ, ಒಂದರಲ್ಲಿ ಸೌತೆ ಜಾತಿಯಾದರೆ 8, ಬದನೆ 25, ಅವರೆ 12. ಚೀಟಿಯಲ್ಲಿ ಬೆಳೆ, ಊರು, ಕಾಯಿ ಕಿತ್ತ ತಿಂಗಳು, ಮೊಳಕೆ ಎಷ್ಟಕ್ಕೆಷ್ಟು. ಅವರೆ, ಅಲಸಂದಿಗೆ ಕಿಲೋಗೆ 5 ಮಿಲಿ ಔಡಲ ಎಣ್ಣೆ ಸವರಿದರೆ ಹುಳ ಹಿಡಿಯುವುದಿಲ್ಲ. ಸವರದೆ ತಂದ ಒಂದು ಪೊಟ್ಟಣ ಸಾಕು, ಚೀಲದ ತುಂಬ ಹುಳ.

ಯಾರಾದರೂ ಕಾನೂನು ಎತ್ತಿದರೆ: 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆಯ ಪ್ರಕಾರ ರೈತರು ತಾವು ಬೆಳೆದ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು. ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ.

ಹಾವೇರಿ ಹಿತ್ತಲ

ನಮ್ಮ ಕಡೆ ಗೋವಿನಜೋಳದ (ಮೆಕ್ಕೆಜೋಳದ) ಹೊಲವೇ ಹೆಚ್ಚು. ಅದರಾಗ ಮಾಡಬಹುದೇನು?

ಎರಿಹೊಲ

ಗೋವಿನಜೋಳದ್ದು ಸುಟ್ಟ ತೆನಿ, ಸೀತನಿ ಅಲ್ಲ. ಮುಂದಿನ ವರ್ಷಕ್ಕ ಬಿತ್ತೋದಿದ್ರ ಸಕ್ಕರಿ ಮುಕ್ಕರಿ ಜೋಳ ಹುಡುಕರಿ, ಸೀತನಿಗೆ ಅದ ಬೀಜ, ಮಾಲದಂಡಿಗಿಂತ ಸಿಹಿ. ಸೆಪ್ಟೆಂಬರ್‌ನಾಗ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಆಗ್ತದಲ್ಲ, ಹಿಂಗಾರಿ ಬೀಜಕ್ಕ ಅದ ಸರಿಯಾದ ವ್ಯಾಳ್ಯಾ, ಅಲ್ಲೆ ವಿಚಾರಸರಿ. ಹತ್ತು-ಹತ್ತು ದಿನ ಬಿಟ್ಟು ಎರಡು ಸಲ ಬಿತ್ತಿದ್ರ ಒಂದು ಭಾನುವಾರ ತಪ್ಪಿದ್ರೂ ಇನ್ನೊಂದು ಸಿಗ್ತದ.

ಬಡಾವಣೆ ಕೈತೋಟ

ಹಂಗಾದ್ರ ಮಂದಿಗೆ ಜನವರಿ 4 ಮತ್ತು 11 ಎರಡೂ ಬಿಡುವು ಇಟ್ಕೋರಿ ಅಂತ ಹೇಳ್ತೀವಿ. 1ಕ್ಕ ಹೊಲಕ್ಕ ಹೋಗಿ ಉಗುರು ಹಚ್ಚಿ ನೋಡಿ ಯಾವುದಂತ ತಿಳಸ್ತೀವಿ.

ಎರಿಹೊಲ

1ಕ್ಕ ನೋಡೂವಾಗ ಹೊಲದ ನಾಕು ಮೂಲಿ, ನಡುವ, ಹಿಂಗ ಐದು ಕಡೆ ಎರಡೆರಡು ತೆನಿ ನೋಡ್ರಿ. ಒಡ್ಡಿನ ಬಾಜೂ ಹಸಿ ಇರ್ತದ, ಅಲ್ಲಿ ತೆನಿ ತಡಾ. ಹತ್ತರಾಗ ಆರು ಗಟ್ಟಿ ಹಾಲಿಗೆ ಬಂದಿದ್ರ 4, ತೆಳು ಹಾಲಿದ್ರ 11. ಮತ್ತ ಹಿಂದಿನ ದಿನ ಮಳಿ ಆದ್ರ ಗಾಡಿ ಹೊಲದೊಳಗ ಇಳಿಸಬ್ಯಾಡ್ರಿ, ಎರಿ ಮಣ್ಣಿನಾಗ ಸಿಕ್ಕ ಬಸ್ ತೆಗೀಲಿಕ್ಕೆ ಟ್ರ್ಯಾಕ್ಟರ್ ಬೇಕಾಗ್ತದ.