ವಿಂಡೋಸ್ 10 ಬಿಟ್ಟು ಲಿನಕ್ಸ್ ಮಿಂಟ್‌ಗೆ ಬಂದೆ; ನುಡಿಯಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತಗಳೆಲ್ಲ ಇಂಗ್ಲಿಷ್ ಗೀಚಿನಂತೆ ಕಾಣುತ್ತಿವೆ

ಬೆರಳಚ್ಚು, ಶಿರಸಿ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಕುಳಿತು ಕನ್ನಡ ಬೆರಳಚ್ಚಿನ ಕೆಲಸ ಮಾಡುವವಳು. ಯಕ್ಷಗಾನ ಪ್ರಸಂಗಗಳ ಹಳೆಯ ಕೈಬರಹದ ಪ್ರತಿಗಳು, ಪಿಎಚ್.ಡಿ. ಪ್ರಬಂಧಗಳು, ಸಹಕಾರ ಸಂಘಗಳ ವಾರ್ಷಿಕ ವರದಿಗಳು ಬರುತ್ತವೆ. 2009ರಿಂದ ಈವರೆಗೆ ಸುಮಾರು 400 ಕಡತಗಳಾಗಿವೆ. ಎಲ್ಲವೂ ನುಡಿ ತಂತ್ರಾಂಶದಲ್ಲಿ, ‘ನುಡಿ 01 ಇ’ ಫಾಂಟಿನಲ್ಲಿ ಮಾಡಿದವು.

ಲ್ಯಾಪ್‌ಟಾಪ್ 2017ರದು. ಏಳನೇ ತಲೆಮಾರಿನ ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಹೋದರೆ ಈ ಪ್ರೊಸೆಸರ್ ಪಟ್ಟಿಯಲ್ಲಿಲ್ಲ ಎಂದಿತು. ರಜೆಗೆ ಬಂದಿದ್ದ ಅಕ್ಕನ ಮಗ, ವಿಂಡೋಸನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಲಿನಕ್ಸ್ ಮಿಂಟ್ 22 ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಟ್ಟು ಹಾಸ್ಟೆಲಿಗೆ ಹೋದ. ವೇಗ ನಿಜಕ್ಕೂ ಚೆನ್ನಾಗಿದೆ. ಆದರೆ ಮೂರು ತೊಂದರೆಗಳಿವೆ.

ಮೊದಲನೆಯದು, ಹಳೆಯ ಯಾವ ಕಡತ ತೆರೆದರೂ ಕನ್ನಡವೇ ಇಲ್ಲ. ಪೌಂಡಿನ ಚಿಹ್ನೆ, ತಲೆಯ ಮೇಲೆ ಗೀಟು ಇರುವ ಇಂಗ್ಲಿಷ್ ಎ, ಹೀಗೆ ಪುಟದ ತುಂಬ ಗೀಚು. ಎರಡನೆಯದು, ಕೀಲಿಮಣೆಯಲ್ಲಿ ಅವನು ‘ಕನ್ನಡ ಕಗಪ’ ಎಂಬ ವಿನ್ಯಾಸ ಸೇರಿಸಿದ್ದಾನೆ. ವ್ಯಂಜನಗಳು ನುಡಿಯಲ್ಲಿದ್ದ ಜಾಗದಲ್ಲೇ ಇವೆ, ಸ್ವರಗಳು ಮಾತ್ರ ಹೇಳಿದಂತೆ ಕೇಳುವುದಿಲ್ಲ. ಮೂರನೆಯದು, ಮಿಂಟ್‌ನಿಂದ ವಿಂಡೋಸಿಗೆ ಹೋದಾಗಲೆಲ್ಲ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರುತ್ತದೆ.

ಒಂದು ತಿಂಗಳಲ್ಲಿ ಒಂದು ಪ್ರಬಂಧ ಮುಗಿಸಿ ಕೊಡಬೇಕು. ವಿಂಡೋಸಿಗೇ ಮರಳಬೇಕೆ, ಹೊಸ ಕಂಪ್ಯೂಟರ್ ಕೊಳ್ಳಬೇಕೆ, ಮ್ಯಾಕ್ ವಾಸಿಯೆ? ತಿಳಿದವರು ದಾರಿ ತೋರಿಸಬೇಕು.

ಮಿಂಟ್ ಬಳಕೆದಾರ, ಧಾರವಾಡ

ಮೇಡಂ, ಮೊದಲು ಧೈರ್ಯ ಹೇಳುತ್ತೇನೆ. ನಿಮ್ಮ ಕಡತಗಳಲ್ಲಿ ಒಂದಕ್ಷರವೂ ಕೆಟ್ಟಿಲ್ಲ.

ನುಡಿಯ ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಕನ್ನಡದ ರೂಪ ಇರುವುದು ಫಾಂಟಿನಲ್ಲಿ ಮಾತ್ರ. ‘ಕ’ ಎಂದು ನಾವು ಓದುವ ಜಾಗದಲ್ಲಿ ಕಡತ ಇಟ್ಟುಕೊಂಡಿರುವುದು ಇಂಗ್ಲಿಷಿನ ದೊಡ್ಡ ಪಿ ಮತ್ತು ಅದರ ಪಕ್ಕದಲ್ಲಿ ಗೀಟು ಹೊತ್ತ ಎ. ಪಿ ಎಂಬುದು ಕಕಾರದ ಮೈ, ಎ ಎಂಬುದು ಅದರ ತಲಕಟ್ಟು. ‘ನ’ ಬೇಕಾದರೆ ಪೌಂಡಿನ ಚಿಹ್ನೆಗೆ ಅದೇ ತಲಕಟ್ಟು. ‘ಕಿ’ಗೆ ಬೇರೆಯೇ ಒಂದಕ್ಷರ, ಕ್ಯೂ. ಫಾಂಟು ಇರುವ ಕಂಪ್ಯೂಟರಿನಲ್ಲಿ ಇವು ಸೇರಿ ಕನ್ನಡವಾಗುತ್ತವೆ, ಇಲ್ಲದ ಕಡೆ ನೀವು ಕಂಡ ಗೀಚಾಗುತ್ತವೆ. ಇದರಲ್ಲಿ ಮಿಂಟಿನ ತಪ್ಪೂ ಇಲ್ಲ, ವಿಂಡೋಸಿನ ಹೆಚ್ಚುಗಾರಿಕೆಯೂ ಇಲ್ಲ. ನಿಮ್ಮ ವಿಂಡೋಸಿನಿಂದ ನುಡಿ ಫಾಂಟು ತೆಗೆದರೆ ಅಲ್ಲೂ ಇದೇ ಪುಟ ಕಾಣುತ್ತದೆ.

ಈ ಹೊತ್ತಿಗೆ ಹೀಗೆ ಮಾಡಿ. ಮಿಂಟಿನ ಕಡತ ವ್ಯವಸ್ಥಾಪಕದಲ್ಲಿ ವಿಂಡೋಸ್ ಡ್ರೈವ್ ಕಾಣುತ್ತದೆ. ಅದರ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿಗೆ ಹೋಗಿ ನುಡಿಯ ಫಾಂಟುಗಳನ್ನು ಮಿಂಟಿಗೆ ನಕಲು ಮಾಡಿಕೊಳ್ಳಿ. ಒಂದೊಂದನ್ನೂ ಎರಡು ಬಾರಿ ಕ್ಲಿಕ್ಕಿಸಿ ಇನ್‌ಸ್ಟಾಲ್ ಒತ್ತಿ. ಮಿಂಟಿನಲ್ಲಿ ಕಡತ ತೆರೆಯುವ ಲಿಬ್ರೆ ಆಫೀಸ್ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆದರೆ ಹಳೆಯ ಕಡತಗಳು ಕನ್ನಡದಲ್ಲಿ ಕಾಣುತ್ತವೆ.

ಸ್ವರದ ತೊಂದರೆಗೆ ಕಾರಣ ಬೇರೆ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕೀಲಿಮಣೆ. ಅದರ ಸೊಗಸು ಇರುವುದು ಹಿಂದಿನ ಅಕ್ಷರವನ್ನು ನೋಡಿ ನಡೆದುಕೊಳ್ಳುವುದರಲ್ಲಿ. ಪದದ ಮೊದಲಲ್ಲಿ ಐ ಕೀಲಿ ಒತ್ತಿದರೆ ‘ಇ’, ಕಕಾರದ ನಂತರ ಒತ್ತಿದರೆ ಅದೇ ಕೀಲಿ ಗುಡಿಸು. ನಿಮ್ಮ ಅಕ್ಕನ ಮಗ ಸೇರಿಸಿದ್ದು ಬರಿಯ ಕೀಲಿ ನಕ್ಷೆ. ಅದಕ್ಕೆ ಹಿಂದಿನ ಅಕ್ಷರದ ನೆನಪಿಲ್ಲ. ಹಾಗಾಗಿ ಸ್ವರಕ್ಕೂ ಸ್ವರಚಿಹ್ನೆಗೂ ಬೇರೆ ಬೇರೆ ಕೀಲಿ ಒತ್ತಬೇಕಾಗುತ್ತದೆ. ಹದಿನೈದು ವರ್ಷ ಒಂದು ಅಭ್ಯಾಸಕ್ಕೆ ಪಳಗಿದ ಬೆರಳುಗಳಿಗೆ ಅದು ಹಿಂಸೆ.

ಆ ವಿನ್ಯಾಸವನ್ನು ತೆಗೆದುಬಿಡಿ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ‘ಐಬಸ್’ ಮತ್ತು ‘ಐಬಸ್ ಎಂ17ಎನ್’ ಎಂಬ ಬೆರಳಚ್ಚಿನ ನೆರವು ತಂತ್ರಾಂಶಗಳನ್ನು ಹಾಕಿಕೊಳ್ಳಿ. ಮೆನುವಿನ ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ನಂತರ ಐಬಸ್‌ನ ಆದ್ಯತೆಗಳಲ್ಲಿ ಕನ್ನಡದ ಕೆಳಗೆ, ಹಿಂದಿನ ಅಕ್ಷರ ನೋಡಿ ನಡೆದುಕೊಳ್ಳುವ ‘ಕೆಜಿಪಿ’ ಎಂಬುದು ಸಿಗುತ್ತದೆ. ಅದನ್ನು ಸೇರಿಸಿ. ಲಾಗ್ ಔಟ್ ಆಗುವುದನ್ನು ಮರೆತು ‘ಕೆಲಸ ಮಾಡುತ್ತಿಲ್ಲ’ ಎಂದು ಕೈಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಅದೊಂದನ್ನು ತಪ್ಪಿಸಬೇಡಿ.

ಗಡಿಯಾರದ್ದು ಸುಲಭ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಬರೆಯುವುದು ಜಾಗತಿಕ ಸಮಯವನ್ನು. ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದುತ್ತದೆ. ಭಾರತಕ್ಕೂ ಜಾಗತಿಕ ಸಮಯಕ್ಕೂ ಇರುವ ಅಂತರ ಐದೂವರೆ ಗಂಟೆಯಷ್ಟೇ. ಆದೇಶಗಳನ್ನು ಬರೆದು ಕೊಡುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆದೇಶದ ‘ಸೆಟ್ ಲೋಕಲ್ ಆರ್‌ಟಿಸಿ’ ಆಯ್ಕೆಗೆ 1 ಎಂದು ಕೊಟ್ಟರೆ ಸರಿಹೋಗುತ್ತದೆ. ಜೊತೆಗೇ, ವಿಂಡೋಸಿನ ಪವರ್ ಆಯ್ಕೆಗಳಲ್ಲಿ ‘ಫಾಸ್ಟ್ ಸ್ಟಾರ್ಟಪ್’ ನಿಲ್ಲಿಸಿ. ಅದು ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಮಿಂಟಿನಿಂದ ಆ ಡ್ರೈವಿಗೆ ಏನನ್ನೂ ಬರೆಯಲಾಗದೆ ನೀವು ಇನ್ನೊಂದು ಪ್ರಶ್ನೆ ಹೊತ್ತು ಬರಬೇಕಾಗುತ್ತದೆ.

ಯಾವ ವ್ಯವಸ್ಥೆ ಒಳ್ಳೆಯದು ಎಂಬುದಕ್ಕೆ ಈಗ ಉತ್ತರ ಹುಡುಕಬೇಡಿ. ನಿಮ್ಮನ್ನು ಕಟ್ಟಿಹಾಕಿರುವುದು ವಿಂಡೋಸ್ ಅಲ್ಲ, ಆ ಫಾಂಟು. ಪಠ್ಯವನ್ನು ಯುನಿಕೋಡಿಗೆ, ಎಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆಗೆ, ತನ್ನಿ, ಆಮೇಲೆ ಯಾವ ಕಂಪ್ಯೂಟರಿಗೆ ಬೇಕಾದರೂ ಹೋಗಿ. 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗವಿದೆ. ನಾವು ಅಲ್ಲಿಗೆ ಹೋಗಲು ತಡಮಾಡಿದೆವು.

ಪುಟವಿನ್ಯಾಸ, ಬೆಂಗಳೂರು

ಮೇಲಿನವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ. ನಾನು ಪುಸ್ತಕಗಳ ಪುಟ ಕಟ್ಟುವವನು. ನನಗೆ ಕೆಲಸ ಕೊಡುವ ಎಷ್ಟೋ ಮುದ್ರಣಾಲಯಗಳು ಇಂದಿಗೂ ಪೇಜ್‌ಮೇಕರ್ 7ರಲ್ಲೇ ಇವೆ. ಅದು 2001ರ ಪುಟವಿನ್ಯಾಸದ ತಂತ್ರಾಂಶ, ಯುನಿಕೋಡ್ ಕನ್ನಡವನ್ನು ತೆಗೆದುಕೊಳ್ಳುವುದಿಲ್ಲ. ನೀವು ಯುನಿಕೋಡಿನಲ್ಲಿ ಕೊಟ್ಟರೆ ಅಲ್ಲಿ ಯಾರೋ ಅದನ್ನು ಮತ್ತೆ ಹಳೆಯ ಸಂಕೇತಕ್ಕೆ ತಿರುಗಿಸುತ್ತಾರೆ. ಆ ತಿರುಗಾಟದಲ್ಲಿ ಸೇರಿಕೊಳ್ಳುವ ತಪ್ಪುಗಳಿಗೆ ಬೈಸಿಕೊಳ್ಳುವುದು ಬೆರಳಚ್ಚು ಮಾಡಿದವರು. ಆದ್ದರಿಂದ ನಿಮ್ಮ ಪ್ರಬಂಧ ಕೊನೆಗೆ ಯಾರ ಕೈಗೆ ಹೋಗುತ್ತದೆ ಎಂದು ಮೊದಲು ಕೇಳಿ.

ವಿಂಡೋಸ್ 10 ಅನ್ನು ಅಳಿಸಬೇಡಿ. ವಿಸ್ತರಿತ ಭದ್ರತಾ ಪರಿಷ್ಕರಣೆಗೆ ನೋಂದಾಯಿಸಿಕೊಂಡರೆ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳು ಸಿಗುತ್ತವೆ. ಹಳೆಯ ಕಡತಗಳನ್ನು ಪರಿವರ್ತಿಸಲು ಅಷ್ಟು ಸಮಯ ಸಾಕು. ಮಿಂಟ್ 22ಕ್ಕೆ 2029ರವರೆಗೆ ಬೆಂಬಲ ಇದೆ ಎಂಬುದು ನಿಜ, ಅದು ದೊಡ್ಡ ಅನುಕೂಲ. ಆದರೆ ಎರಡನ್ನೂ ಇಟ್ಟುಕೊಂಡವರು ರಾತ್ರಿ ನೆಮ್ಮದಿಯಿಂದ ಮಲಗುತ್ತಾರೆ.

ಹೊರನಾಡಿನ ಓದುಗ

ಮ್ಯಾಕ್ ಬಗ್ಗೆ ಕೇಳಿದ್ದೀರಿ, ಆದ್ದರಿಂದ ಎರಡು ಮಾತು. ಯುನಿಕೋಡ್ ಕನ್ನಡ ಓದಲು ಮ್ಯಾಕ್ ಬಹಳ ಚೆನ್ನ. ಕನ್ನಡ ಫಾಂಟುಗಳೂ ಕೀಲಿಮಣೆಯೂ ಅದರ ಜೊತೆಗೇ ಬರುತ್ತವೆ. ಆದರೆ ಊರಿನಿಂದ ಚಿಕ್ಕಪ್ಪ ಕಳಿಸಿದ ವಂಶಾವಳಿಯ ಕಡತ ನುಡಿಯಲ್ಲಿತ್ತು. ಇಲ್ಲಿ ನನಗೂ ನೀವು ಹೇಳಿದ ಅದೇ ಗೀಚು ಕಂಡಿತು. ಫಾಂಟು ತರಿಸಿ ಹಾಕಿಕೊಂಡ ಮೇಲೆ ಅಜ್ಜನ ಹೆಸರು ಓದಲಾಯಿತು. ಈ ಒಂದು ಕಾರಣಕ್ಕೆ ಅಷ್ಟು ಹಣ ಸುರಿಯಬೇಡಿ.

ಬೆರಳಚ್ಚು, ಶಿರಸಿ

ನಾಲ್ಕು ದಿನ ಕುಳಿತು ಎಲ್ಲವನ್ನೂ ಮಾಡಿದೆ. ಗಡಿಯಾರ ಸರಿಯಾಯಿತು. ಕೆಜಿಪಿ ಹಾಕಿದ ಮೇಲೆ ಬೆರಳುಗಳು ತಮ್ಮಷ್ಟಕ್ಕೇ ಓಡುತ್ತಿವೆ. ಕಾಗುಣಿತ, ಒತ್ತಕ್ಷರ ಎಲ್ಲವೂ ನುಡಿಯಲ್ಲಿದ್ದಂತೆಯೇ ಬರುತ್ತಿವೆ. ಧಾರವಾಡದವರಿಗೆ ಹೇಗೆ ಕೃತಜ್ಞತೆ ಹೇಳಲಿ.

ಪ್ರಬಂಧದ ಮಾರ್ಗದರ್ಶಕರನ್ನು ಕೇಳಿದೆ. ವಿಶ್ವವಿದ್ಯಾಲಯಕ್ಕೆ ಪಿಡಿಎಫ್ ಕೊಟ್ಟರೆ ಸಾಕಂತೆ. ಹಾಗಾಗಿ ವಿಂಡೋಸಿನ ಕಡೆ ಹೋಗಿ ಮೂರು ಅಧ್ಯಾಯಗಳನ್ನು ನುಡಿಯ ಪರಿವರ್ತಕದಿಂದ ಯುನಿಕೋಡಿಗೆ ತಂದು ಮಿಂಟಿನಲ್ಲಿ ತೆರೆದೆ. ಈಗ ಹೊಸ ತಲೆನೋವು.

ಅಲ್ಲಲ್ಲಿ ‘ಧರ್ಮ’ ಎಂಬುದು ‘ಧಮರ್’ ಆಗಿದೆ, ‘ಅರ್ಥ’ ‘ಅಥರ್’ ಆಗಿದೆ. ನಡುವೆ ಇದ್ದ ಇಂಗ್ಲಿಷ್ ಪುಸ್ತಕಗಳ ಹೆಸರುಗಳು ಅರ್ಥವಿಲ್ಲದ ಕನ್ನಡ ಚೂರುಗಳಾಗಿವೆ. ಶೀರ್ಷಿಕೆಯ ಗಾತ್ರ 18 ಎಂದು ಶೈಲಿಯಲ್ಲಿ ಬರೆದಿದ್ದರೂ ಪುಟದಲ್ಲಿ 12ರ ಹಾಗೆಯೇ ಕಾಣುತ್ತದೆ. ಇನ್ನೊಂದು, ‘ರಾಜ್‌ಕುಮಾರ’ ಎಂದು ಬಿಡಿಸಿ ಬರೆಯಲು ಹೋದರೆ ಜಕಾರಕ್ಕೆ ಕಕಾರದ ಒತ್ತು ಬಂದು ಅಂಟಿಕೊಳ್ಳುತ್ತದೆ.

ಮಿಂಟ್ ಬಳಕೆದಾರ, ಧಾರವಾಡ

ಈ ನಾಲ್ಕೂ ತೊಂದರೆಗಳನ್ನು ನಾನೂ ಅನುಭವಿಸಿದ್ದೇನೆ.

ಅರ್ಕಾವೊತ್ತಿನಿಂದ ಆರಂಭಿಸುತ್ತೇನೆ. ಹಳೆಯ ಸಂಕೇತದಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಅಕ್ಷರಗಳು ಕೂರುತ್ತಿದ್ದವು. ಮೊದಲು ‘ಮ’, ಅದರ ಬಲಗಡೆ ಅರ್ಕಾವೊತ್ತಿನ ಗುರುತು. ಯುನಿಕೋಡ್ ಉಚ್ಚಾರದ ಕ್ರಮವನ್ನು ಅನುಸರಿಸುತ್ತದೆ. ಅಲ್ಲಿ ರಕಾರ ಮೊದಲು, ಆಮೇಲೆ ಮಕಾರ. ಪರಿವರ್ತಕ ಆ ಗುರುತನ್ನು ಎತ್ತಿ ಹಿಂದಕ್ಕೆ ಒಯ್ಯಬೇಕು. ಕೆಲವೆಡೆ ಒಯ್ಯದೆ ಅಲ್ಲೇ ಬಿಡುತ್ತದೆ. ‘ರ್’ ನಂತರ ಖಾಲಿ ಜಾಗ ಇರುವ ಪದಗಳನ್ನು ಹುಡುಕಿ. ‘ಡಾಕ್ಟರ್’, ‘ಸರ್’ ಮುಂತಾದ ಸರಿಯಾದ ಪದಗಳೂ ಸಿಗುತ್ತವೆ, ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ಬದಲಿಸುವ ಗುಂಡಿಯನ್ನು ದಯವಿಟ್ಟು ಒತ್ತಬೇಡಿ. ಒಂದೊಂದಾಗಿ ನೋಡಿ. ಪದದ ನಡುವೆ ಆದದ್ದು ಈ ಹುಡುಕಾಟಕ್ಕೆ ಸಿಗುವುದಿಲ್ಲ, ಅದಕ್ಕೆ ಕರಡು ತಿದ್ದುವ ಕಣ್ಣೇ ಬೇಕು.

ಇಂಗ್ಲಿಷ್ ಪದಗಳು ಹಾಳಾಗಲು ಕಾರಣ, ಬರಿಯ ಪಠ್ಯವನ್ನು ನೋಡುವ ಪರಿವರ್ತಕಕ್ಕೆ ಫಾಂಟು ತಿಳಿಯದಿರುವುದು. ಕನ್ನಡದ ಕಕಾರಕ್ಕೆ ಬಳಸಿದ ಪಿ ಯಾವುದು, ಇಂಗ್ಲಿಷ್ ಪುಸ್ತಕದ ಹೆಸರಿನ ಪಿ ಯಾವುದು ಎಂದು ಅದು ಹೇಗೆ ಬಲ್ಲದು? ಪರಿವರ್ತಿಸುವ ಮೊದಲು ಹಳೆಯ ಕಡತವನ್ನು ಲಿಬ್ರೆ ಆಫೀಸಿನಲ್ಲಿ ತೆರೆದು, ಹುಡುಕು-ಬದಲಿಸು ಕಿಟಕಿಯಲ್ಲಿ ಫಾರ್ಮ್ಯಾಟ್ ಒತ್ತಿ, ಇಂಗ್ಲಿಷಿಗೆ ಬಳಸಿದ ಫಾಂಟಿನ ಹೆಸರು ಕೊಟ್ಟು ‘ಎಲ್ಲವನ್ನೂ ಹುಡುಕು’ ಎನ್ನಿ. ಆಯ್ಕೆಯಾದುದಕ್ಕೆಲ್ಲ ಕೆಂಪು ಬಣ್ಣ ಹಚ್ಚಿ. ಆ ಕಡತವನ್ನು ಪಕ್ಕದ ಕಿಟಕಿಯಲ್ಲಿ ಇಟ್ಟುಕೊಂಡರೆ ಯಾವ ಪದಗಳನ್ನು ಮತ್ತೆ ತುಂಬಬೇಕು ಎಂಬುದು ಕಣ್ಣಿಗೆ ಹೊಡೆಯುತ್ತದೆ. ಗ್ರಂಥಋಣದ ಇಂಗ್ಲಿಷ್ ಭಾಗವನ್ನು ಪರಿವರ್ತಕಕ್ಕೆ ಕೊಡಲೇಬೇಡಿ, ನೇರವಾಗಿ ನಕಲು ಮಾಡಿ.

ಗಾತ್ರದ ತೊಂದರೆ ಲಿಬ್ರೆ ಆಫೀಸಿನ ಒಳರಚನೆಯದು. ಅದು ಪಾಶ್ಚಾತ್ಯ ಲಿಪಿಗೊಂದು, ನಮ್ಮಂತಹ ಸಂಕೀರ್ಣ ಲಿಪಿಗಳಿಗೊಂದು ಎಂದು ಫಾಂಟು, ಗಾತ್ರ, ದಪ್ಪ ಎಲ್ಲವನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ನುಡಿಯ ಹಳೆಯ ಪಠ್ಯ ಅದರ ಲೆಕ್ಕದಲ್ಲಿ ಇಂಗ್ಲಿಷ್. ನೀವು ಕೊಟ್ಟ 18 ಆ ಇಂಗ್ಲಿಷಿನ ಖಾತೆಗೆ ಹೋಗಿದೆ. ಪಠ್ಯ ಈಗ ನಿಜವಾದ ಕನ್ನಡವಾದ ಕೂಡಲೇ ಇನ್ನೊಂದು ಖಾತೆಗೆ ಬಂದಿದೆ, ಅಲ್ಲಿ 12 ಇದೆ. ಟೂಲ್ಸ್ ಮೆನುವಿನ ಆಯ್ಕೆಗಳಲ್ಲಿ, ಭಾಷೆಗಳ ಕೆಳಗೆ, ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಸಾಲಿನಲ್ಲಿ ಕನ್ನಡ ಆರಿಸಿ. ಆಮೇಲೆ ಶೀರ್ಷಿಕೆ ಶೈಲಿಯನ್ನು ತಿದ್ದುವಾಗ ಫಾಂಟಿನ ಪುಟದಲ್ಲಿ ಅದರ ಹ್ರಸ್ವರೂಪವಾದ ‘ಸಿಟಿಎಲ್’ ಎಂಬ ಇನ್ನೊಂದು ಭಾಗ ಕಾಣುತ್ತದೆ. ಅಲ್ಲಿ ‘ನೋಟೋ ಸೆರಿಫ್ ಕನ್ನಡ’ವೋ ‘ಗುಬ್ಬಿ’ಯೋ ಆರಿಸಿ ಗಾತ್ರ ಕೊಡಿ. ಒಂದೊಂದು ಶೀರ್ಷಿಕೆಗೂ ಕೈಯಿಂದ ಗಾತ್ರ ಕೊಡುತ್ತ ಹೋಗಬೇಡಿ, ಶೈಲಿಯನ್ನೇ ತಿದ್ದಿ. ಮುನ್ನೂರು ಪುಟದ ಪ್ರಬಂಧದಲ್ಲಿ ಇದು ಎರಡು ದಿನದ ಕೆಲಸ ಉಳಿಸುತ್ತದೆ.

‘ರಾಜ್‌ಕುಮಾರ’ದಲ್ಲಿ ಜಕಾರದ ಹಲಂತದ ನಂತರ ಕಣ್ಣಿಗೆ ಕಾಣದ ಒಂದು ತಡೆ ಅಕ್ಷರ ಬೇಕು. ಲಿಬ್ರೆ ಆಫೀಸಿನ ರೈಟರಿನಲ್ಲಿ ಹಲಂತದ ನಂತರ ಇಂಗ್ಲಿಷಿಗೆ ಬದಲಾಗಿ 200 ಮತ್ತು ಸಿ ಅಕ್ಷರವನ್ನು ಒತ್ತಾಗಿ ಬರೆದು ಆಲ್ಟ್ ಹಿಡಿದು ಎಕ್ಸ್ ಒತ್ತಿ. ಬರೆದದ್ದು ಮಾಯವಾಗಿ ತಡೆ ಕೂರುತ್ತದೆ. ನಂತರ ಕನ್ನಡಕ್ಕೆ ಮರಳಿ ಮುಂದುವರಿಯಿರಿ. ಒಮ್ಮೆ ಮಾಡಿದ ಪದವನ್ನು ನಕಲು ಮಾಡಿಕೊಂಡರೆ ಪ್ರತಿ ಸಲ ಈ ಸಾಹಸ ಬೇಡ.

ಪುಟವಿನ್ಯಾಸ, ಬೆಂಗಳೂರು

ಅಂಕಿಗಳನ್ನೂ ನೋಡಿಕೊಳ್ಳಿ ಮೇಡಂ. ನುಡಿ ಫಾಂಟಿನ ಹೆಸರಿನ ಕೊನೆಯಲ್ಲಿ ಇ ಇದ್ದರೆ ಇಂಗ್ಲಿಷ್ ಅಂಕಿ, ಕೆ ಇದ್ದರೆ ಕನ್ನಡ ಅಂಕಿ. ನಿಮ್ಮದು ಇ, ತೊಂದರೆ ಬಾರದು. ಬೇರೆಯವರು ಕೊಟ್ಟ ಕಡತ ಸೇರಿಸಿದ್ದರೆ ಪದ್ಯಗಳ ಸಂಖ್ಯೆಯನ್ನು ಒಮ್ಮೆ ಪರಿಶೀಲಿಸಿ.

ಮತ್ತೆ, 400 ಕಡತಗಳನ್ನೂ ಪರಿವರ್ತಿಸುವ ಹಟ ಬೇಡ. ವರದಿಗಳು ಹಾಗೆಯೇ ಇರಲಿ, ಪಿಡಿಎಫ್ ಮಾಡಿ ಇಡಿ. ಪ್ರಸಂಗಗಳನ್ನು ಮಾತ್ರ ಬಿಡಬೇಡಿ.

ಬೆರಳಚ್ಚು, ಶಿರಸಿ

ಮೊದಲ ಮೂರು ಅಧ್ಯಾಯ ಮುಗಿದವು. ಸಿಟಿಎಲ್ ಭಾಗದಲ್ಲಿ ಗಾತ್ರ ಕೊಟ್ಟ ಕೂಡಲೇ ಶೀರ್ಷಿಕೆಗಳೆಲ್ಲ ಒಟ್ಟಿಗೇ ಎದ್ದು ನಿಂತವು. ‘ಧಮರ್’ ಮಾದರಿಯ ತಪ್ಪುಗಳು ಒಂದು ಅಧ್ಯಾಯದಲ್ಲಿ 61 ಸಿಕ್ಕಿದವು, ಎಲ್ಲವನ್ನೂ ಕೈಯಿಂದಲೇ ತಿದ್ದಿದೆ.

ನಿನ್ನೆ ರಾತ್ರಿ ಒಂದು ಪ್ರಸಂಗವನ್ನೂ ಪರಿವರ್ತಿಸಿದೆ. ಅದರ ಹಿಂದೆ ಪದಗಳ ಅಕಾರಾದಿ ಪಟ್ಟಿಯೊಂದಿದೆ. ಹಿಂದೆ ಅದನ್ನು ಚೀಟಿಗಳಲ್ಲಿ ಬರೆದು, ನೆಲದ ಮೇಲೆ ಹರಡಿ, ಒಂದೊಂದನ್ನೇ ಜೋಡಿಸಿದ್ದೆ. ಮೂರು ದಿನ ಹಿಡಿದಿತ್ತು. ಈ ಸಲ ಪಟ್ಟಿಯನ್ನು ಲಿಬ್ರೆ ಆಫೀಸಿಗೆ ಹಾಕಿ ವಿಂಗಡಿಸು ಎಂದೆ. ‘ಅಂಕ’ದಿಂದ ‘ಹೂಮಾಲೆ’ಯವರೆಗೆ ಸಾಲಾಗಿ ನಿಂತಿತು. ಮೂಲ ಪ್ರತಿಯ ಜೊತೆ ಹೋಲಿಸಿ ನೋಡುತ್ತಿದ್ದೇನೆ. ನಾನು ಜೋಡಿಸಿದ್ದರಲ್ಲಿ ಎರಡು ಪದಗಳು ಜಾಗ ತಪ್ಪಿದ್ದವು.