ಟರ್ಬೊ ಹಾಕಿಸುವುದೋ, ಎಂಜಿನ್ನನ್ನೇ ಬದಲಿಸುವುದೋ: ಮಾಡಿಸಿದವರ ಅನುಭವಗಳು

ಪ್ರಶ್ನೆ

ನನ್ನ ಬಳಿ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ 1.6 ಲೀಟರ್ ಪೆಟ್ರೋಲ್ ಎಂಜಿನ್ನಿನ ಕಾರಿದೆ. ನಾಲ್ಕು ಸಿಲಿಂಡರ್, ಮಲ್ಟಿ ಪಾಯಿಂಟ್ ಇಂಜೆಕ್ಷನ್ (ಪೆಟ್ರೋಲನ್ನು ಸಿಲಿಂಡರಿನ ಹೊರಗೆ, ಗಾಳಿಯ ದಾರಿಯಲ್ಲಿ ಸಿಂಪಡಿಸುವ ಬಗೆ), ಕಂಪ್ರೆಷನ್ ಅನುಪಾತ (ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) 10.5:1, ತಯಾರಕರು ಹೇಳಿರುವ ಶಕ್ತಿ 110 ಅಶ್ವಶಕ್ತಿ; ಮ್ಯಾನುಯಲ್ ಗೇರ್‌ಬಾಕ್ಸ್, ಮುಂದಿನ ಚಕ್ರಗಳಿಗೆ ಚಾಲನೆ. ಬಾಡಿ, ಸಸ್ಪೆನ್ಷನ್ ಎಲ್ಲವೂ ಗಟ್ಟಿಯಾಗಿವೆ, ಮಾರುವ ಮನಸ್ಸಿಲ್ಲ. 150ರಿಂದ 160 ಅಶ್ವಶಕ್ತಿ ಸಿಕ್ಕರೆ ಸಾಕು, ಆದರೆ ದಿನವೂ ಓಡಿಸುವ ಕಾರಾದ್ದರಿಂದ ದಾರಿಯಲ್ಲಿ ಕೈಕೊಡಬಾರದು. ಇರುವ ಎಂಜಿನ್ನಿಗೆ ಟರ್ಬೊ ಕಿಟ್ ಹಾಕಿಸುವುದು ಮೇಲೋ, ಅದೇ ತಯಾರಕರ ಟರ್ಬೊ ಎಂಜಿನ್ ಅಥವಾ ದೊಡ್ಡ ಎಂಜಿನ್ ತಂದು ಕೂರಿಸುವುದು ಮೇಲೋ? ಎರಡರಲ್ಲಿ ಒಂದನ್ನಾದರೂ ಮಾಡಿಸಿದವರು ದಯವಿಟ್ಟು ತಿಳಿಸಿ.

ಟರ್ಬೊ ಹಾಕಿಸಿಕೊಂಡವರೊಬ್ಬರ ಉತ್ತರ

ನಿಮ್ಮದರಂತಹುದೇ ಎಂಜಿನ್ನಿಗೆ ನಾನು ಟರ್ಬೊ ಹಾಕಿಸಿಕೊಂಡಿದ್ದೇನೆ, ಕಾರು ಈಗಲೂ ದಿನವೂ ಓಡುತ್ತಿದೆ. ಮೊದಲು ಲೆಕ್ಕ ನೋಡೋಣ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 1 ಬಾರ್. ಟರ್ಬೊ ಅದರ ಮೇಲೆ ಇನ್ನೂ 0.5 ಬಾರ್ ಸೇರಿಸಿದರೆ (ಹೀಗೆ ಸೇರುವ ಒತ್ತಡವೇ ಬೂಸ್ಟ್) ಕಾಗದದ ಮೇಲೆ ಗಾಳಿ ಒಂದೂವರೆ ಪಟ್ಟಾಗಿ, 110 ಅಶ್ವಶಕ್ತಿ 165 ಆಗಬೇಕು. ನಿಜದಲ್ಲಿ ಅಷ್ಟು ಸಿಗುವುದಿಲ್ಲ, ಏಕೆಂದರೆ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ: 25 ಡಿಗ್ರಿಯ ಗಾಳಿಯನ್ನು ಶೇಕಡ 70ರಷ್ಟು ದಕ್ಷತೆಯ ಕಂಪ್ರೆಸರ್ 0.5 ಬಾರ್ ಬೂಸ್ಟಿಗೆ ಒತ್ತಿದಾಗ ಅದು ಹೆಚ್ಚುಕಡಿಮೆ 77 ಡಿಗ್ರಿಗೆ ಏರುತ್ತದೆ. ಆ ಬಿಸಿಯಲ್ಲಿ ಬಹುಪಾಲನ್ನು ಇಂಟರ್‌ಕೂಲರ್ ಕಳೆಯುತ್ತದೆ; ಉಳಿದದ್ದಕ್ಕಾಗಿ ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಸರಿಸಬೇಕಾಗುತ್ತದೆ, ಅಂದರೆ ಪ್ಲಗ್ಗಿನ ಕಿಡಿ ತುಸು ತಡವಾಗಿ ಹೊತ್ತುವಂತೆ ಮಾಡಬೇಕು. ಹೀಗೆಲ್ಲ ಕಳೆದು 145ರಿಂದ 150 ಸಿಕ್ಕರೆ ಕೆಲಸ ಚೆನ್ನಾಗಿ ಆಗಿದೆ ಎಂದು ತಿಳಿಯಿರಿ. ನಿಮ್ಮ ಗುರಿಯ ಕೆಳಗಿನ ತುದಿ ಅದು, ಮೇಲಿನ ತುದಿಯಲ್ಲ.

ಕಿಟ್‌ನ ಲೋಹದ ಭಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ಪೈಪಿನ ಬಗ್ಗೆ ಮಾತ್ರ ಹೇಳುತ್ತೇನೆ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ, ಅದು ನಿಂತಿರುವುದು ಎಂಜಿನ್ ಆಯಿಲ್‌ನ ತೆಳುಪದರದ ಮೇಲೆ. ಒಳಗೆ ಹೋಗುವ ಆಯಿಲ್ ಪೈಪ್ ಸಣ್ಣದಿರುತ್ತದೆ, ಅಲ್ಲಿ ಒತ್ತಡವಿರುವುದರಿಂದ ಸಮಸ್ಯೆಯಿಲ್ಲ. ಹೊರಗೆ ಬರುವ ಆಯಿಲ್‌ಗೆ ಒತ್ತಡವಿರುವುದಿಲ್ಲ, ತನ್ನ ಭಾರದಿಂದಲೇ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ, ಇಳಿಯಬೇಕು. ಆದ್ದರಿಂದ ಆ ಪೈಪ್ ದಪ್ಪವಾಗಿರಬೇಕು, ಟರ್ಬೊದಿಂದ ಕೆಳಮುಖವಾಗಿ ಎಲ್ಲಿಯೂ ತಗ್ಗಾಗಿ ಜೋತುಬೀಳದಂತೆ ಇಳಿಯಬೇಕು, ಸಂಪಿನಲ್ಲಿ ನಿಂತ ಆಯಿಲ್‌ನ ಮಟ್ಟಕ್ಕಿಂತ ಮೇಲೆ ಸೇರಬೇಕು. ನಮ್ಮ ಗ್ಯಾರೇಜಿನವರು ಸಂಪನ್ನು ಬಿಚ್ಚಿ, ತೂತು ಕೊರೆದು, ಫಿಟಿಂಗ್ ವೆಲ್ಡ್ ಮಾಡಿ, ಲೋಹದ ಚೂರು ಒಂದೂ ಉಳಿಯದಂತೆ ತೊಳೆದು ಮತ್ತೆ ಕೂರಿಸಿದರು. ಸಂಪನ್ನು ಬಿಚ್ಚದೆಯೇ ತೂತು ಕೊರೆಯುತ್ತೇವೆ ಎನ್ನುವವರಿಗೆ ಕಾರನ್ನು ಕೊಡಬೇಡಿ. ಹೊಸ ಟರ್ಬೊ ನೀಲಿ ಹೊಗೆ ಬಿಡುತ್ತಿದೆ ಎಂದು ದೂರುವವರ ಕಾರಿನಲ್ಲಿ ಟರ್ಬೊದ ಸೀಲ್ ಸರಿಯಾಗಿಯೇ ಇದ್ದು, ಈ ಪೈಪ್ ಸರಿಯಿಲ್ಲದಿರುವುದು ಸಾಮಾನ್ಯ.

ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿನ ಹಬೆಯನ್ನು, ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಳೆಯುವ ಪಿಸಿವಿ ವಾಲ್ವಿನ ಕಡೆಗೂ ಗಮನವಿರಲಿ. ಬೂಸ್ಟ್ ಬಂದಾಗ ಒತ್ತಡ ಅದೇ ದಾರಿಯಲ್ಲಿ ಹಿಂದಕ್ಕೆ ನುಗ್ಗಬಾರದು. ಬೂಸ್ಟನ್ನು ತಡೆದು ನಿಲ್ಲುವ ಒಂದು ಚೆಕ್ ವಾಲ್ವ್ ಅಲ್ಲಿ ಬೇಕು.

ಟ್ಯೂನಿಂಗ್ ಕೆಲಸ ಮಾಡುವವರೊಬ್ಬರ ಉತ್ತರ

ಮೇಲಿನವರು ಹೇಳಿದ ಲೆಕ್ಕ ಸರಿಯಾಗಿದೆ. ಆದರೆ ಟರ್ಬೊ ಹಾಕಿದ ಎಂಜಿನ್ನು ಉಳಿಯುವುದೂ ಒಡೆಯುವುದೂ ನಿರ್ಧಾರವಾಗುವುದು ಇಸಿಯುವಿನಲ್ಲಿ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನಲ್ಲಿ. ನಿಮ್ಮ ಕಾರಿನಲ್ಲಿರುವುದು ಮ್ಯಾಪ್ ಸೆನ್ಸರ್ (ಒಳಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್) ಆದರೆ ಅದು ವಾತಾವರಣದ ಒತ್ತಡದವರೆಗೆ, ಅಂದರೆ 1 ಬಾರಿನ ಆಸುಪಾಸಿನವರೆಗೆ ಮಾತ್ರ ಓದಬಲ್ಲದು. ಬೂಸ್ಟ್ ಶುರುವಾದ ಕ್ಷಣದಿಂದ ಇಸಿಯುವಿಗೆ ಏನೂ ಕಾಣುವುದಿಲ್ಲ. ಹೆಚ್ಚಾದ ಗಾಳಿಗೆ ತಕ್ಕ ಪೆಟ್ರೋಲನ್ನು ಅದು ಕೊಡುವುದಿಲ್ಲ, ಟೈಮಿಂಗನ್ನೂ ಇಳಿಸುವುದಿಲ್ಲ. ಆದ್ದರಿಂದ 2.5 ಅಥವಾ 3 ಬಾರಿನ ಸೆನ್ಸರ್, ಅದನ್ನು ಅರ್ಥಮಾಡಿಕೊಳ್ಳುವ ಇಸಿಯು, ದೊಡ್ಡ ಇಂಜೆಕ್ಟರ್‌ಗಳು, ಇವು ಮೂರೂ ಒಟ್ಟಿಗೆ ಬರಬೇಕು. 150 ಅಶ್ವಶಕ್ತಿಗೆ ನಾಲ್ಕು ಇಂಜೆಕ್ಟರ್‌ಗಳು ತಲಾ ನಿಮಿಷಕ್ಕೆ 280ರಿಂದ 300 ಸಿಸಿ ಪೆಟ್ರೋಲ್ ಕೊಡುವಂತಿದ್ದರೆ ಅವು ತಮ್ಮ ಸಾಮರ್ಥ್ಯದ ಶೇಕಡ 85ರ ಒಳಗೆ ದುಡಿದು ಉಸಿರಾಡಲು ಜಾಗ ಉಳಿಯುತ್ತದೆ. ಸಾಮಾನ್ಯ ಓಟದಲ್ಲಿ ಗಾಳಿ ಮತ್ತು ಪೆಟ್ರೋಲಿನ ಅನುಪಾತ 14.7:1 ಇದ್ದರೆ, ಪೂರ್ತಿ ಬೂಸ್ಟಿನಲ್ಲಿ ಅದು 11.5ರಿಂದ 12ರ ನಡುವೆ ನಿಲ್ಲಬೇಕು, ಅದನ್ನು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರಿನಿಂದ ಅಳೆದೇ ನೋಡಬೇಕು. ಕಿವಿಯಿಂದ, ಅಂದಾಜಿನಿಂದ ಆಗುವ ಕೆಲಸವಲ್ಲ ಇದು.

ಈಗ ನಿಮ್ಮ 10.5:1ರ ವಿಚಾರ. ಹಳೆಯ ಕಾಲದ ಟರ್ಬೊ ಎಂಜಿನ್‌ಗಳನ್ನು ತಯಾರಕರು 8 ಅಥವಾ 9ರ ಅನುಪಾತದಲ್ಲಿ ಕಟ್ಟುತ್ತಿದ್ದುದಕ್ಕೆ ಕಾರಣ ನಾಕಿಂಗ್: ಕಿಡಿ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡ ಮತ್ತು ಬಿಸಿಗೆ ತಾನಾಗಿಯೇ ಸಿಡಿಯುವುದು. 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಹೊತ್ತು ಮಾರಾಟಕ್ಕೆ ಬಂದ ಮೊದಲ ಕಾರುಗಳಲ್ಲಿ ಒಂದು. ಅದರ 3.5 ಲೀಟರ್ ವಿ8 ಎಂಜಿನ್ನಿನ ಅನುಪಾತ 10.25:1, ಹೆಚ್ಚುಕಡಿಮೆ ನಿಮ್ಮದರಷ್ಟೇ. ನಾಕಿಂಗ್ ತಡೆಯಲು ತಯಾರಕರೇ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಟ್ಯಾಂಕಿನಿಂದ ಎಂಜಿನ್ನಿಗೆ ಊಡಿಸಬೇಕಾಯಿತು. ಟ್ಯಾಂಕ್ ಖಾಲಿಯಾದರೆ ಬೂಸ್ಟ್ ಕಡಿಮೆಯಾಗುವಂತೆ ವ್ಯವಸ್ಥೆ ಮಾಡಿದ್ದರು. ಆ ಮಾದರಿ ಎರಡು ವರ್ಷಕ್ಕೇ ನಿಂತಿತು. ಈಗಿನ ಟರ್ಬೊ ಎಂಜಿನ್‌ಗಳು 10ರ ಅನುಪಾತದಲ್ಲೂ ನೆಮ್ಮದಿಯಾಗಿ ಓಡುತ್ತಿರುವುದಕ್ಕೆ ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸಿ ಒಳಗಿನ ಗಾಳಿಯನ್ನು ತಂಪು ಮಾಡುವುದು ಒಂದು ಮುಖ್ಯ ಕಾರಣ. ನಿಮ್ಮ ಮಲ್ಟಿ ಪಾಯಿಂಟ್ ಎಂಜಿನ್ನಿಗೆ ಆ ಅನುಕೂಲವಿಲ್ಲ. ಹಾಗೆಂದು ಟರ್ಬೊ ಹಾಕಲೇಬಾರದು ಎನ್ನುತ್ತಿಲ್ಲ, 0.4ರಿಂದ 0.5 ಬಾರ್, ದೊಡ್ಡ ಇಂಟರ್‌ಕೂಲರ್, ಸಿಗುವುದರಲ್ಲಿ ಹೆಚ್ಚಿನ ಆಕ್ಟೇನಿನ (ನಾಕಿಂಗ್ ಸುಲಭವಾಗಿ ಆಗದ) ಪೆಟ್ರೋಲ್, ಇಷ್ಟರೊಳಗೆ ನಿಲ್ಲಿಸಿದರೆ ಆಗುತ್ತದೆ.

ಒಡೆದ ಎಂಜಿನ್‌ಗಳನ್ನು ಬಿಚ್ಚಿದಾಗ ನನಗೆ ಹೆಚ್ಚಾಗಿ ಕಾಣುವುದು ಪಿಸ್ಟನ್ನಿನ ಮೊದಲ ಮತ್ತು ಎರಡನೆಯ ರಿಂಗ್‌ಗಳ ನಡುವಿನ ಅಂಚು ತುಂಡಾಗಿರುವುದು. ನಾಕಿಂಗಿನಿಂದ ಅದು ಮುರಿಯುತ್ತದೆ; ಇನ್ನೊಂದು ಕಾರಣವೂ ಇದೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ರಿಂಗ್‌ನ ಎರಡು ತುದಿಗಳ ನಡುವೆ ಬಿಡುವ ಸಂದು ಕಿರಿದು. ಬೂಸ್ಟಿನ ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಒಂದಕ್ಕೊಂದು ತಾಗಿದರೆ, ಮುಂದೆ ಹಿಗ್ಗಲು ಜಾಗವಿಲ್ಲದೆ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡು ಪಿಸ್ಟನ್ನಿನ ಅಂಚನ್ನೇ ಕಿತ್ತು ತರುತ್ತದೆ. ಬಹಳ ಚಿಕ್ಕ ಟರ್ಬೊ ಹಾಕಿ ಎರಡು ಸಾವಿರ ಆರ್‌ಪಿಎಂನಲ್ಲೇ ಟಾರ್ಕ್ (ತಿರುಗಿಸುವ ಬಲ) ಒಮ್ಮೆಲೇ ಉಬ್ಬುವಂತೆ ಮಾಡಿದರೆ ಕನೆಕ್ಟಿಂಗ್ ರಾಡ್‌ಗಳೂ ಬಾಗುತ್ತವೆ. ಅಶ್ವಶಕ್ತಿಯ ಅಂಕಿ ಚಿಕ್ಕದಾಗಿದ್ದರೂ ಟಾರ್ಕ್‌ನಿಂದ ಎಂಜಿನ್ ಕೆಡಬಹುದು ಎಂಬುದನ್ನು ಕಿಟ್ ಮಾರುವವರು ಹೇಳುವುದಿಲ್ಲ.

ಎಂಜಿನ್ ಬದಲಿಸಿಕೊಂಡವರೊಬ್ಬರ ಉತ್ತರ

ನಾನು ಎರಡನೆಯ ದಾರಿ ಹಿಡಿದೆ, ಮತ್ತೆ ಕೇಳಿದರೂ ಅದನ್ನೇ ಹೇಳುತ್ತೇನೆ. ತಯಾರಕರೇ ಟರ್ಬೊಗೆಂದು ಕಟ್ಟಿದ ಎಂಜಿನ್ನಿನಲ್ಲಿ ಪಿಸ್ಟನ್, ರಿಂಗ್ ಸಂದು, ಆಯಿಲ್ ದಾರಿ, ಸೆನ್ಸರ್, ಇಸಿಯು ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಬರುತ್ತವೆ. ಮೇಲಿನವರು ಪಟ್ಟಿ ಮಾಡಿದ ಭಯಗಳಲ್ಲಿ ಬಹುಪಾಲು ಅಲ್ಲಿಗೆ ಮುಗಿಯುತ್ತವೆ. ಕಷ್ಟ ಬೇರೆ ಕಡೆ ಇದೆ.

ಎಂಜಿನ್ನನ್ನು ಮಾತ್ರ ಕೊಳ್ಳಬೇಡಿ. ಅಪಘಾತವಾಗಿ ಗುಜರಿ ಸೇರಿದ, ಆದರೆ ಎಂಜಿನ್ ಚಾಲೂ ಆಗುವ ಇಡೀ ಕಾರು ಸಿಕ್ಕರೆ ಅದನ್ನೇ ಕೊಳ್ಳಿ. ವೈರಿಂಗ್ ಹಾರ್ನೆಸ್, ಇಸಿಯು, ಅದಕ್ಕೆ ಜೋಡಿಯಾದ ಕೀಲಿ ಮತ್ತು ಇಮ್ಮೊಬಿಲೈಸರ್ (ಬೇರೆ ಕೀಲಿಗೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸಾಧನ), ಎಲೆಕ್ಟ್ರಾನಿಕ್ ಆಕ್ಸಿಲರೇಟರ್ ಪೆಡಲ್, ಮೀಟರ್ ಬೋರ್ಡ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಹೆಸರೇ ಇಲ್ಲದ ಹತ್ತಾರು ಬ್ರಾಕೆಟ್‌ಗಳು, ಇವುಗಳಲ್ಲಿ ಯಾವುದು ಇಲ್ಲದಿದ್ದರೂ ಕೆಲಸ ವಾರಗಟ್ಟಲೆ ನಿಲ್ಲುತ್ತದೆ. ಈಗಿನ ಕಾರುಗಳಲ್ಲಿ ಇಸಿಯು, ಎಬಿಎಸ್, ಪವರ್ ಸ್ಟೀರಿಂಗ್, ಮೀಟರ್ ಇವೆಲ್ಲ ಒಂದೇ ಜೋಡಿ ತಂತಿಯ ಮೇಲೆ ತಮ್ಮ ತಮ್ಮಲ್ಲಿ ಸಂದೇಶ ಕಳಿಸಿಕೊಳ್ಳುತ್ತಿರುತ್ತವೆ. ಹೊಸ ಇಸಿಯುವಿನ ಸಂದೇಶ ಹಳೆಯ ಸ್ಟೀರಿಂಗಿಗೆ ತಿಳಿಯದಿದ್ದರೆ ಎಂಜಿನ್ ಸೊಗಸಾಗಿ ಓಡಿದರೂ ಸ್ಟೀರಿಂಗ್ ಕಲ್ಲಾಗುತ್ತದೆ. ನನ್ನ ಕಾರಿನಲ್ಲಿ ಎಂಜಿನ್ ಕೂರಿಸಿದ್ದಕ್ಕಿಂತ ವೈರಿಂಗಿಗೆ ಹಿಡಿದ ಸಮಯವೇ ಹೆಚ್ಚು.

ಒಂದೇ ತಯಾರಕರ ಎಂಜಿನ್ ಎಂದ ಮಾತ್ರಕ್ಕೆ ಸಲೀಸಾಗಿ ಕೂರುತ್ತದೆ ಎಂದುಕೊಳ್ಳಬೇಡಿ. ಹೋಂಡಾ ಸಿವಿಕ್ ಉದಾಹರಣೆ ನೋಡಿ. ತೊಂಬತ್ತರ ದಶಕದ ಸಿವಿಕ್‌ಗಳ ಡಿ ಸರಣಿಯ ಎಂಜಿನ್ ತೆಗೆದು ಬಿ ಸರಣಿಯದನ್ನು ಕೂರಿಸುವುದು ಪಳಗಿದ ಕೆಲಸ, ಎರಡೂ ಒಂದೇ ದಿಕ್ಕಿಗೆ ತಿರುಗುತ್ತವೆ. ಮುಂದೆ ಬಂದ ಕೆ ಸರಣಿಯ ಎಂಜಿನ್ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಅದರ ಎಕ್ಸಾಸ್ಟ್ ಹಿಂಬದಿಗೆ ಬರುತ್ತದೆ, ಗೇರ್ ಬದಲಿಸುವುದು ರಾಡ್ ಬದಲು ಕೇಬಲ್ಲಿನಿಂದ. ಅದನ್ನೂ ಜನ ಹಳೆಯ ಸಿವಿಕ್ಕಿಗೆ ಹಾಕುತ್ತಾರೆ, ಆದರೆ ಅದಕ್ಕೆಂದೇ ಮಾಡಿದ ಮೌಂಟ್, ಡ್ರೈವ್ ಶಾಫ್ಟ್ ಎಲ್ಲ ಬೇಕಾಗುತ್ತವೆ. ನಿಮ್ಮ ಕಾರಿನ ಮಾದರಿಯಲ್ಲೇ ತಯಾರಕರು ದೊಡ್ಡ ಅಥವಾ ಟರ್ಬೊ ಎಂಜಿನ್ ಹಾಕಿ ಮಾರಿದ್ದರೆ ಅದೇ ನಿಮ್ಮ ಉತ್ತರ. ಮೌಂಟಿನಿಂದ ಬ್ರೇಕಿನವರೆಗೆ ಎಲ್ಲವನ್ನೂ ಅವರೇ ಲೆಕ್ಕಹಾಕಿ ಇಟ್ಟಿರುತ್ತಾರೆ.

ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ ಬದಲಾಗಬೇಕು, ಹೊಗೆ ತಪಾಸಣೆಯೂ ಆಗಬೇಕು. ವಿಮೆಯವರಿಗೂ ತಿಳಿಸಬೇಕು. ಕೆಲಸಕ್ಕೆ ಕೈಹಾಕುವ ಮೊದಲೇ ಇವನ್ನು ವಿಚಾರಿಸಿ.

ಕೇಳಿದವರಿಂದ ಮತ್ತೊಂದು ಪ್ರಶ್ನೆ

ಎಲ್ಲರಿಗೂ ಧನ್ಯವಾದಗಳು. ನನ್ನ ಮಾದರಿಯಲ್ಲಿ ಟರ್ಬೊ ಎಂಜಿನ್ ಬಂದಿಲ್ಲ, 2.0 ಲೀಟರಿನ, ಟರ್ಬೊ ಇಲ್ಲದ 150 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಬಂದಿದೆ. ಇತ್ತ ಕಿಟ್ ಮಾರುವವರೊಬ್ಬರು, 0.4 ಬಾರಿಗೆ ಇಸಿಯು ಮುಟ್ಟುವುದೇ ಬೇಡ, ಬೂಸ್ಟ್ ಏರಿದಂತೆ ಪೆಟ್ರೋಲಿನ ಒತ್ತಡವನ್ನೂ ಏರಿಸುವ ರೆಗ್ಯುಲೇಟರ್ ಸಾಕು ಎನ್ನುತ್ತಿದ್ದಾರೆ. ಇದು ನಿಜವೇ?

ಟ್ಯೂನಿಂಗ್ ಕೆಲಸ ಮಾಡುವವರ ಮರು ಉತ್ತರ

ಅಂತಹ ರೆಗ್ಯುಲೇಟರ್ ಇರುವುದು ನಿಜ, ಹಿಂದೆ ಬಹಳ ಕಿಟ್‌ಗಳು ಅದರ ಮೇಲೆಯೇ ನಡೆದವು. ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಕಾರಿನ 1.6 ಲೀಟರ್ ಎಂಜಿನ್ ಟರ್ಬೊವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆಂದು ಹೆಸರಾಗಿದೆ, ಆದರೆ ಅದರ ಕಂಪ್ರೆಷನ್ 9.4:1, ಅದೇ ಎಂಜಿನ್ ಕುಟುಂಬದ ಟರ್ಬೊ ರೂಪ ಮಜ್ದಾ 323ರಲ್ಲಿ ಮೊದಲೇ ಇತ್ತು. ನಿಮ್ಮದು ಆ ಬಗೆಯದಲ್ಲ. ರೆಗ್ಯುಲೇಟರ್ ಪೆಟ್ರೋಲನ್ನು ಹೆಚ್ಚಿಸುತ್ತದೆ, ಟೈಮಿಂಗನ್ನು ಮುಟ್ಟುವುದಿಲ್ಲ. ಪಂಪಿಗೂ ವಿಪರೀತ ಹೊರೆ. ನಾಕ್ ಸೆನ್ಸರ್ ಕಾಪಾಡುತ್ತದೆ ಎಂದು ಅವರು ಹೇಳಬಹುದು, ಆದರೆ ನಾಕಿಂಗ್ ಆದ ಮೇಲೆ ಟೈಮಿಂಗ್ ಇಳಿಸುವುದು ಅದರ ಕೆಲಸ. ಹೀಗೆ ಓಡಿಸಿದ ಕಾರಿನ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರೆ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಹೊಳೆಯುವ ಬೂದು ಚುಕ್ಕೆಗಳು ಕಾಣಬಹುದು. ಅವು ಪಿಸ್ಟನ್ನಿನಿಂದ ಎದ್ದ ಅಲ್ಯೂಮಿನಿಯಂ. ಅವು ಕಂಡರೆ ಕಾರನ್ನು ಅಲ್ಲಿಗೇ ನಿಲ್ಲಿಸಬೇಕು.

ನಿಮ್ಮ ಮಾದರಿಗೇ 2.0 ಲೀಟರ್ ಬಂದಿದೆ ಎಂದ ಮೇಲೆ ಟರ್ಬೊ ಪರವಾಗಿ ನಾನು ವಾದಿಸುವುದಿಲ್ಲ. ಟರ್ಬೊ ಕೆಲಸ ನನ್ನ ಹೊಟ್ಟೆಪಾಡಾದರೂ ಇದನ್ನು ಹೇಳುತ್ತಿದ್ದೇನೆ.

ಎಂಜಿನ್ ಬದಲಿಸಿಕೊಂಡವರ ಮರು ಉತ್ತರ

ಹಾಗಿದ್ದರೆ ಆ 2.0 ಲೀಟರ್ ಕಾರಿನ ಗೇರ್‌ಬಾಕ್ಸ್, ಕ್ಲಚ್, ಮುಂದಿನ ಬ್ರೇಕ್, ರೇಡಿಯೇಟರ್ ಇವನ್ನೂ ಜೊತೆಗೇ ತನ್ನಿ. ಎಂಜಿನ್ ಕೊಳ್ಳುವ ಮೊದಲು ಕಂಪ್ರೆಷನ್ ಪರೀಕ್ಷೆ ನಿಮ್ಮ ಕಣ್ಣೆದುರಿಗೇ ಆಗಲಿ. ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಗೇಜಿನ ಮುಳ್ಳು ನಿಲ್ಲುವವರೆಗೆ ಎಂಜಿನ್ ತಿರುಗಿಸಬೇಕು. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಂಕಿಗಳ ನಡುವಿನ ಅಂತರ ಶೇಕಡ 10ರೊಳಗಿದ್ದರೆ ಮುಂದುವರಿಯಿರಿ. ಒಂದು ಸಿಲಿಂಡರ್ ಹಿಂದೆ ಬಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ: ಅಂಕಿ ಏರಿದರೆ ದೋಷ ರಿಂಗ್‌ನಲ್ಲಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿದೆ. ಎಂಜಿನ್ ಕೆಳಗಿರುವಾಗಲೇ ವಾಟರ್ ಪಂಪ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಟೈಮಿಂಗ್ ಬೆಲ್ಟ್ ಇದ್ದರೆ ಅದನ್ನೂ ಹೊಸದು ಹಾಕಿಸಿ. ಕಾರಿನೊಳಗೆ ಕೂರಿಸಿದ ಮೇಲೆ ಆ ಸೀಲ್ ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕಾಗುತ್ತದೆ. ನಾಲ್ಕೂ ಸಿಲಿಂಡರಿನ ಅಂಕಿಗಳನ್ನು ಬರೆದು ತಿಳಿಸಿ, ನೋಡಿ ಹೇಳುತ್ತೇನೆ.